ಆರು ಸಾಲಿನ ಸೊಳ್ಳೆಸೂತ್ರಕ್ಕೊಂದು ಟೀಕೆ

ಮೈಸೂರಿನ ಚೆಲುವಾಂಬ ಪಾರ್ಕಿನ ಬೆಂಚಿನ ಮೇಲೆ ಕೂತು ಕಾಲು ಕೆರೆದುಕೊಳ್ಳುತ್ತಿದ್ದಾಗ ಈ ಆರು ಸಾಲು ಹೊಳೆದವು. ಮನೆಗೆ ಬಂದು ಹೋದ ವರ್ಷದ ಒಂಟಿಕೊಪ್ಪಲ್ ಪಂಚಾಂಗದ ಬೆನ್ನಿಗೆ ಗೀಚಿಟ್ಟೆ. ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಓದಿ, "ಸೂತ್ರವೇನೋ ಸರಿ, ಟೀಕೆಯಿಲ್ಲದೆ ದಕ್ಕೋದಿಲ್ಲ ಕಣ್ರೀ" ಅಂದರು. ತಮ್ಮ ಸೂತ್ರಕ್ಕೆ ತಾವೇ ಟೀಕೆ ಬರೆದುಕೊಂಡವರು ಹಿಂದೆಯೂ ಉಂಟು ಎಂಬ ಧೈರ್ಯದ ಮೇಲೆ ಹೊರಡುತ್ತೇನೆ.

೧. ಹುಡುಕುವವಳು ಹೆಣ್ಣು, ಅವಳ ಮೂಗು ಮೀಸೆಯಲ್ಲಿ.

ಗಂಡಿಗೆ ಹೂವಿನ ರಸ ಸಾಕು. ಹೆಣ್ಣಿಗೆ ಮೊಟ್ಟೆಯಿಡಲು ರಕ್ತ ಬೇಕು. 'ಮೀಸೆ' ಎಂದರೆ ಕುಡಿಮೀಸೆ, ಇಂಗ್ಲಿಷಿನ ಆಂಟೆನಾ. ಅದರ ಮೇಲಿನ ಸಣ್ಣ ಸಣ್ಣ ಕೂದಲುಗಳೊಳಗೆ ವಾಸನೆ ಹಿಡಿಯುವ ನರಗಳಿವೆ, ಆ ನರಗಳ ಮೈಮೇಲೆ ಗ್ರಾಹಕವೆಂಬ ಪ್ರೋಟೀನುಗಳಿವೆ. ಪ್ರತಿ ಗ್ರಾಹಕಕ್ಕೂ ಅದನ್ನು ಕಟ್ಟುವ ಜೀನು ಬೇರೆ. ಮುಂದಿನ ಕಥೆಯೆಲ್ಲ ಈ ಜೀನುಗಳದು.

೨. ಉಸಿರು ಕರೆಯಿತು, ಬೆವರು ಮನೆ ತೋರಿಸಿತು.

ನಾವು ಬಿಡುವ ಇಂಗಾಲದ ಡೈಆಕ್ಸೈಡ್ ದೂರದ ಕರೆ. ಹತ್ತಿರ ಬಂದಮೇಲೆ ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ಇತರ ಆಮ್ಲಗಳು, ಮೈಯ ಬಿಸಿ.

೩. ಒಂದು ಜೀನು ಕೆಡಿಸಿದರು. ಅವಳಿಗೆ ಮನುಷ್ಯನೂ ಗಿನಿಯಿಲಿಯೂ ಒಂದೇ ಆದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಸನೆಯ ಜೀನು ಹುಡುಕುವ ಈ ವಿದ್ಯೆ ಶುರುವಾದದ್ದು ಸೊಳ್ಳೆಯಿಂದಲ್ಲ, ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣದಿಂದ. ಕುಕ್ಕರಹಳ್ಳಿ ಕೆರೆಯ ಆಚೆ, ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಇದೇ ನೊಣದ ಬಗೆಬಗೆಯ ತಳಿಗಳನ್ನು ಸೀಸೆಗಳಲ್ಲಿ ಸಾಕುವ ಡ್ರೊಸೊಫಿಲಾ ಸಂಗ್ರಹ ಕೇಂದ್ರವಿದೆ. ಗೋಧಿ ರವೆ, ಬೆಲ್ಲ, ಅಗರ್ ಬೇಯಿಸಿ ಹೊಯ್ದದ್ದು ಅವುಗಳ ಊಟ. ನಮ್ಮ ಸಜ್ಜಿಗೆಯ ಬಡ ತಂಗಿ ಅನ್ನಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗಸ್ ವಾಸನೆ ಸರಿಯಾಗಿ ತಿಳಿಯದ ನೊಣಗಳನ್ನು ಹೆಕ್ಕಿ, ಕೆಟ್ಟ ಜೀನು ಯಾವುದೆಂದು ಹುಡುಕಿ ಬರೆದದ್ದು 1978ರಲ್ಲಿ. ಅದೇ ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದರು. ನೊಣದ ವಾಸನಾಗ್ರಾಹಕ ಜೀನುಗಳು ಸಿಕ್ಕಿದ್ದು 1999ರಲ್ಲಿ. ಆ ಗ್ರಾಹಕಗಳಿಗೆಲ್ಲ ಜೊತೆಗಾರನೊಬ್ಬ ಬೇಕು, ಅವನ ಹೆಸರು 'ಆರ್ಕೋ'. ಅವನಿಲ್ಲದೆ ಮಿಕ್ಕವರು ಕೆಲಸ ಮಾಡರು.

2013ರಲ್ಲಿ ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದ ಲೆಸ್ಲಿ ವೋಶಲ್ ತಂಡ ಡೆಂಗಿ ಹರಡುವ ಈಡಿಸ್ ಸೊಳ್ಳೆಯಲ್ಲಿ ಈ ಆರ್ಕೋ ಜೀನನ್ನು ಕೆಡಿಸಿತು. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಗಿನಿಯಿಲಿ. ಮನುಷ್ಯನೇ ಬೇಕೆಂಬ ಅವಳ ಹಟ ಹೋಗಿಬಿಟ್ಟಿತ್ತು. ಆದರೆ ಇಂಗಾಲದ ಡೈಆಕ್ಸೈಡ್ ಸೋಕಿದರೆ ಸಾಕು, ನಮ್ಮ ಹತ್ತಿರವೂ ಬಂದಳು.

ಆಕ್ಷೇಪ: ಹಾಗಾದರೆ ಉಸಿರು ಹಿಡಿಯುವ ಜೀನನ್ನೇ ಕೆಡಿಸಬಾರದೇ? ಸಮಾಧಾನ: ಕೆಡಿಸಿದರು, 2014ರಲ್ಲಿ. ಉಸಿರಿಗೆ ಕಿವುಡಾದಳು, ಆದರೂ ಮನುಷ್ಯನನ್ನು ಹುಡುಕಿಕೊಂಡಳು. 2019ರಲ್ಲಿ ಲ್ಯಾಕ್ಟಿಕ್ ಆಮ್ಲದ ದಾರಿಯನ್ನೂ ಮುಚ್ಚಿದರು. ಸೆಳೆತ ಇಳಿಯಿತು, ಅಳಿಯಲಿಲ್ಲ.

೪. ಮುಲಾಮಿನ ತೋಳಿಗೆ ಬಂದಳು, ಕಾಲೂರಿದಳು, ಹಾರಿದಳು.

'ಮುಲಾಮು' ಎಂದರೆ ಡೀಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗಾಗಿ ಹುಡುಕಿದ್ದು. 1957ರಿಂದ ಜನರ ಕೈಗೆ ಬಂತು. ನಮ್ಮ ಅಂಗಡಿಗಳಲ್ಲಿ ಸಿಗುವ ಟ್ಯೂಬನ್ನು ತಿರುಗಿಸಿ, ಕನ್ನಡಕ ಹಾಕಿಕೊಂಡು ಓದಿದರೆ, ಸಾಮಾನ್ಯವಾಗಿ ಕಾಣುವುದು ಡೈಈಥೈಲ್ ಬೆಂಜಮೈಡ್ 12%. ಡೀಟ್‌ನಿಂದ ಒಂದು ಮೀಥೈಲ್ ಕೊಂಡಿ ಕಳಚಿದರೆ ಇದೇ. ಅಣ್ಣ ತಮ್ಮಂದಿರು.

ಅರ್ಧ ಶತಮಾನ ಮೈಗೆ ಬಳಿದುಕೊಂಡರೂ ಡೀಟ್ ಹೇಗೆ ಕೆಲಸ ಮಾಡುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 2008ರಲ್ಲಿ ಎರಡು ತಂಡಗಳು ಜಗಳಕ್ಕೆ ಬಿದ್ದವು. ಅದು ನಮ್ಮ ವಾಸನೆಯನ್ನು ಸೊಳ್ಳೆಗೆ ತಿಳಿಯದಂತೆ ಮಾಡುತ್ತದೆ ಎಂದು ಒಂದು, ಸೊಳ್ಳೆಗೆ ಅದರ ವಾಸನೆಯೇ ಆಗದು ಎಂದು ಇನ್ನೊಂದು. ಆರ್ಕೋ ಕೆಟ್ಟ ಸೊಳ್ಳೆ ಇವೆರಡಕ್ಕೂ ಸಿಗದ ಸಂಗತಿ ಹೇಳಿತು: ಡೀಟ್ ಹಚ್ಚಿದ ತೋಳಿಗೆ ಅವಳು ಹೆದರದೆ ಬಂದಳು, ತಾಗಿದ ಕೂಡಲೇ ಎದ್ದಳು. ಅಂದರೆ ಮೂಗಲ್ಲದೆ ಇನ್ನೊಂದು ಕಾವಲೂ ಇದೆ. ಅದು ಕಾಲಿನಲ್ಲಿದೆ ಎಂದು ತಿಳಿದದ್ದು 2019ರಲ್ಲಿ, ಸೊಳ್ಳೆಯ ಪಾದಕ್ಕೆ ಅಂಟು ಬಳಿದು ನೋಡಿದಾಗ. ಸೊಳ್ಳೆಯ ಪಾದಕ್ಕೆ ಅಂಟು ಬಳಿಯುವ ಕೈ ಎಂಥದಿರಬೇಕು! ನನಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟ.

೫. ಹೂವಿನಲ್ಲಿದ್ದದ್ದೇ ಟ್ಯೂಬಿನಲ್ಲೋ?

ಸಂಜೆ ಕಿವಿಯ ಹತ್ತಿರ ರಾಗ ಹಾಡುವ ಮೋರಿ ಸೊಳ್ಳೆ ಕ್ಯುಲೆಕ್ಸ್. ಅದರ ಕುಡಿಮೀಸೆಯಲ್ಲಿ ಡೀಟನ್ನು ಹಿಡಿಯುವ ಗ್ರಾಹಕವೊಂದು 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಅದೇ ಗ್ರಾಹಕ ಮೀಥೈಲ್ ಜಾಸ್ಮೊನೇಟ್ ಎಂಬುದಕ್ಕೂ ಮಿಡಿಯುತ್ತದೆ. ಹೆಸರೇ ಹೇಳುವಂತೆ, ಅದು ಜಾಜಿ ಮಲ್ಲಿಗೆಯ ಕಂಪಿನಲ್ಲಿರುವ ವಸ್ತು. ಕಾರ್ಖಾನೆಯ ಡೀಟ್ ಗಿಡಗಳ ಹಳೆಯ ಭಾಷೆಯನ್ನೇ ಆಡುತ್ತಿರಬಹುದು ಎಂಬುದು ಅದನ್ನು ಕಂಡುಹಿಡಿದವರ ಊಹೆ. ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಿದ್ದ ನಮ್ಮಜ್ಜಿ ಇದ್ದಿದ್ದರೆ "ನಾನು ಹೇಳಲಿಲ್ವೇ" ಅನ್ನುತ್ತಿದ್ದರು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು, "ಹಾಗಾದ್ರೆ ದೇವರಾಜ ಮಾರುಕಟ್ಟೆಯಿಂದ ದಿನಾ ಎರಡು ಮೊಳ ತಂದ್ಕೊಡಿ, ಮುಲಾಮಿನ ದುಡ್ಡು ಉಳಿಯುತ್ತೆ" ಅಂದರು. ಮುಡಿಯುವ ಹೂವಿನಲ್ಲಿ ಅದು ಸೊಳ್ಳೆ ಓಡಿಸುವಷ್ಟಿರುವುದಿಲ್ಲ. ಆದರೂ ಹೂ ತಂದೆ, ಅದು ಬೇರೆ ವಿಚಾರ.

೬. ಒಂದೇ ಬಾಗಿಲಾಗಿದ್ದರೆ ಒಂದೇ ಅಗುಳಿ ಸಾಕಿತ್ತು.

ಇದೇ ಸೂತ್ರದ ತಿರುಳು. ಒಂದು ನರಕ್ಕೆ ಒಂದು ಬಗೆಯ ಗ್ರಾಹಕ ಎಂದು ಪಾಠ ಹೇಳುತ್ತಿದ್ದರು. 2022ರಲ್ಲಿ ನೋಡಿದರೆ ಈಡಿಸ್‌ನ ಒಂದೇ ನರದಲ್ಲಿ ಬೇರೆಬೇರೆ ಬಗೆಯ ಗ್ರಾಹಕಗಳು ಒಟ್ಟಿಗೆ ಕೂತಿದ್ದವು. ಒಂದು ಕೆಟ್ಟರೆ ಇನ್ನೊಂದು. ಮನುಷ್ಯನನ್ನು ಕಳೆದುಕೊಳ್ಳದಿರಲು ಅವಳು ಮಾಡಿಕೊಂಡ ಏರ್ಪಾಡು ಅಷ್ಟು ಗಟ್ಟಿ. ಆದ್ದರಿಂದ ಒಂದೇ ಗ್ರಾಹಕಕ್ಕೆ ಗುರಿಯಿಟ್ಟ ಮುಲಾಮಿನ ಮೇಲೆ ನನಗೆ ಭರವಸೆ ಕಡಿಮೆ. ಹಲವು ಬಾಗಿಲಿಗೆ ಒಟ್ಟಿಗೆ ಬಡಿಯುವ ವಸ್ತು ಬೇಕು. ಅಂಥದ್ದೊಂದು ಸಿಕ್ಕಿದೆ ಕೂಡ. 2011ರಲ್ಲಿ ವಾಂಡರ್ಬಿಲ್ಟ್ ವಿಶ್ವವಿದ್ಯಾಲಯದವರು ಮಲೇರಿಯಾ ಸೊಳ್ಳೆಯ ಗ್ರಾಹಕವನ್ನು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಮೂಡಿಸಿ, ಲಕ್ಷಕ್ಕೂ ಹೆಚ್ಚು ರಾಸಾಯನಿಕಗಳನ್ನು ಒಂದೊಂದಾಗಿ ಸೋಸಿದರು. ಸಿಕ್ಕಿದ 'ವಿಯುಎಎ1' ಎಂಬುದು ನೇರವಾಗಿ ಆರ್ಕೋವನ್ನೇ ಕೆಣಕಿ, ಆ ಗುಂಪಿನ ಗ್ರಾಹಕಗಳನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತದೆ. ತೊಂದರೆಯೆಂದರೆ ಅದರ ಅಣು ದಪ್ಪ, ಗಾಳಿಗೆ ಏಳುವುದಿಲ್ಲ. ಗಾಳಿಗೇಳದ್ದು ಮೂಗಿಗೆ ಹೋಗುವುದೆಲ್ಲಿಂದ?

ಇಷ್ಟು ಓದಿ ಹೇಳಿದಾಗ ಮೇಷ್ಟ್ರು, "ಹೊಸ ಮುಲಾಮು ಯಾವಾಗ ಬರುತ್ತೆ ಅಂತ ಬರೆದೇ ಇಲ್ಲವಲ್ಲ" ಅಂದರು. ಮುಂಗೈಗೆ ಧಾರಾಳವಾಗಿ ಹಳೆಯದನ್ನೇ ಸವರಿಕೊಂಡು ಬಂದಿದ್ದರು. ಕಾಲಿನ ಮೇಲೆ ಬಿಳಿ ಪಟ್ಟೆಯಿದ್ದವಳೊಬ್ಬಳು ಅವರ ಮುಂಗೈ ಮೇಲೆ ಒಂದು ಕ್ಷಣ ಕೂತು, ಎದ್ದು, ಮುಲಾಮು ತಾಗದ ಮೊಣಕೈ ಹಿಂದಕ್ಕೆ ಹೋದಳು.