ವರ್ಮಾ ಪುಸ್ತಕದಲ್ಲಿ ಎಲ್ಲರೂ ಬಿಟ್ಟ ಪುಟಗಳು

ಪಿಯುಸಿಯಲ್ಲಿ ಸೈನ್ಸ್ ಓದಿದವರ ಮನೆಯ ಅಟ್ಟ ಹುಡುಕಿದರೆ ಧೂಳು ಹಿಡಿದ ಒಂದು ಪುಸ್ತಕ ಸಿಗೋದು ಹೆಚ್ಚು ಕಮ್ಮಿ ಗ್ಯಾರಂಟಿ. ಎಚ್.ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’. ಹುಡುಗರ ಬಾಯಲ್ಲಿ ಬರೀ ‘ಎಚ್‌ಸಿವಿ’. ಮೊದಲು ಬಂದದ್ದು 1992ರಲ್ಲಿ. ಎರಡು ಭಾಗ, ಒಟ್ಟು 47 ಅಧ್ಯಾಯ. ಮುಂದೆ ಐಐಟಿ ಕಾನ್ಪುರದಲ್ಲಿ ಪಾಠ ಮಾಡಿದ ವರ್ಮಾ, ಇದನ್ನು ಬರೆಯುವಾಗ ಪಟ್ನಾದ ಸೈನ್ಸ್ ಕಾಲೇಜಿನ ಮೇಷ್ಟ್ರಾಗಿದ್ದರು. ಈ ಪುಸ್ತಕದ ಬಗ್ಗೆ ‘ಎಷ್ಟು ಲೆಕ್ಕ ಮುಗಿಸಿದೆ?’ ಅಂತ ಕೇಳಿದವರನ್ನು ನೂರಾರು ಜನ ನೋಡಿದ್ದೀನಿ. ಪುಸ್ತಕ ಹೇಗಿದೆ ಅಂತ ಮಾತಾಡಿದವರು ಮಾತ್ರ ಬಲು ಕಡಿಮೆ. ಹಾಗಾಗಿ ತಡವಾಗಿಯಾದರೂ ಒಂದು ವಿಮರ್ಶೆ ಬರೆಯೋಣ ಅನ್ನಿಸಿತು.

ಇದರ ಅಧ್ಯಾಯಗಳಿಗೆ ಒಂದು ಗೊತ್ತಾದ ಕ್ರಮ ಇದೆ. ಮೊದಲು ಪಾಠ, ಆಮೇಲೆ ಬಿಡಿಸಿ ತೋರಿಸಿದ ಲೆಕ್ಕಗಳು. ನಂತರ ‘ಕ್ವಶ್ಚನ್ಸ್ ಫಾರ್ ಶಾರ್ಟ್ ಆನ್ಸರ್’ ಅನ್ನುವ ಭಾಗ. ಅದಾದ ಮೇಲೆ ಆಬ್ಜೆಕ್ಟಿವ್ ಒಂದು, ಆಬ್ಜೆಕ್ಟಿವ್ ಎರಡು, ಕೊನೆಗೆ ಎಕ್ಸರ್‌ಸೈಜ್. ಆಬ್ಜೆಕ್ಟಿವ್‌ಗೂ ಎಕ್ಸರ್‌ಸೈಜ್‌ಗೂ ಉತ್ತರ ಅಚ್ಚಾಗಿದೆ. ಶಾರ್ಟ್ ಆನ್ಸರ್ ಪ್ರಶ್ನೆಗಳಿಗೆ ಉತ್ತರವೇ ಇಲ್ಲ. ನನ್ನ ಕೈಗೆ ಬಂದದ್ದು ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ತಗೊಂಡ ಕಾಪಿ. ಅದರಲ್ಲಿ ಪ್ರತಿ ಅಧ್ಯಾಯದ ಈ ಭಾಗದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ‘ಬಿಡು’ ಅಂತ ಬರೆದಿತ್ತು. ನಮ್ಮ ಕಾಲೇಜಿನ ಲೆಕ್ಚರರ್ ಕೂಡ ಅದನ್ನೇ ಹೇಳುತ್ತಿದ್ದರು: “ಸಿಇಟಿಗೆ ಬರಲ್ಲ, ಟೈಮ್ ವೇಸ್ಟ್ ಮಾಡಬೇಡಿ.”

ನನ್ನ ಪ್ರಕಾರ ಈ ಪುಸ್ತಕದ ಅತ್ಯುತ್ತಮ ಪುಟಗಳು ಇವೇ. ಉಳಿದ ಲೆಕ್ಕಗಳನ್ನು ಬೇರೆ ಪುಸ್ತಕಗಳೂ ಕೊಡುತ್ತವೆ. ಈ ಪ್ರಶ್ನೆಗಳ ಜಾತಿಯೇ ಬೇರೆ.

ಮೊದಲ ಅಧ್ಯಾಯದ ಮೊದಲ ಪ್ರಶ್ನೆ ನೋಡಿ. ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಬೆಳಕು ಎಷ್ಟು ದೂರ ಹೋಗುತ್ತೋ ಅದೇ ಒಂದು ಮೀಟರ್. ಇದು ನಮಗೆಲ್ಲ ಬಾಯಿಪಾಠ. ವರ್ಮಾ ಕೇಳೋದು: ಇಂಥ ವಕ್ರ ಸಂಖ್ಯೆ ಯಾಕೆ ಬೇಕಿತ್ತು? ನೆಟ್ಟಗೆ 30 ಕೋಟಿ ಅಂತ ಇಟ್ಟುಕೊಳ್ಳಬಹುದಿತ್ತಲ್ಲ?

ಎಷ್ಟು ಸರಳ ಪ್ರಶ್ನೆ ಅಲ್ವಾ? ಆದರೆ ಇದಕ್ಕೆ ಉತ್ತರ ಹುಡುಕಬೇಕಂದ್ರೆ ಮೀಟರ್‌ನ ಚರಿತ್ರೆಗೇ ಹೋಗಬೇಕು. ಫ್ರಾನ್ಸಿನವರು ಮೊದಲು ಅದನ್ನು ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗ ಅಂದರು. ಆಮೇಲೆ ಲೋಹದ ಒಂದು ಸರಳು ಮೀಟರ್ ಆಯಿತು. 1960ರಲ್ಲಿ ಕ್ರಿಪ್ಟಾನ್ ಬೆಳಕಿನ ತರಂಗಾಂತರ ಬಂತು, 1983ರಲ್ಲಿ ಈಗಿನ ವ್ಯಾಖ್ಯೆ. ಪ್ರತಿ ಸಲವೂ ಹೊಸ ಮೀಟರ್ ಹಳೆಯದಕ್ಕೆ ಹೊಂದಲೇಬೇಕಿತ್ತು. 30 ಕೋಟಿ ಅಂತ ಇಟ್ಟಿದ್ದರೆ ಮೀಟರ್ ಸುಮಾರು 0.7 ಮಿಲಿಮೀಟರ್ ಕುಗ್ಗುತ್ತಿತ್ತು. ಜಗತ್ತಿನ ಎಲ್ಲ ಅಳತೆಪಟ್ಟಿ, ನಕ್ಷೆ, ನಟ್ಟು ಬೋಲ್ಟು ತಪ್ಪಾಗುತ್ತಿದ್ದವು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ. ಹಳೇ ಕೋಡ್ ಒಡೆಯಬಾರದು ಅಂತ ಹೊಸ ವರ್ಷನ್‌ನಲ್ಲಿ ಒಂದು ವಿಕಾರವಾದ ಸಂಖ್ಯೆ ಉಳಿಸಿಕೊಳ್ತೀವಲ್ಲ, ಹಾಗೇ. ವಿಜ್ಞಾನದ ವ್ಯಾಖ್ಯೆಗಳು ಆಕಾಶದಿಂದ ಉದುರಿದ್ದಲ್ಲ, ಮನುಷ್ಯರು ಕೂತು ಚರ್ಚೆ ಮಾಡಿ, ರಾಜಿ ಮಾಡಿಕೊಂಡು ಮಾಡಿದ್ದು ಅನ್ನೋದು ಈ ಒಂದು ಪ್ರಶ್ನೆಯಿಂದ ಗೊತ್ತಾಗಿಬಿಡುತ್ತೆ.

ಮೂರನೇ ಅಧ್ಯಾಯದಲ್ಲಿ ಇನ್ನೂ ತುಂಟ ಪ್ರಶ್ನೆ ಇದೆ. ಭೂಮಿ ಸುತ್ತುತ್ತೆ ಅಂದ ಗೆಲಿಲಿಯೋಗೆ ಚರ್ಚ್ ಶಿಕ್ಷೆ ಕೊಟ್ಟಿತು. ಆದರೆ ಚಲನೆ ಅನ್ನೋದೇ ಸಾಪೇಕ್ಷ ಅಂತ ನೀವೇ ಈಗ ಪಾಠ ಓದಿದ್ದೀರಿ. ಹಾಗಿದ್ದರೆ ಗೆಲಿಲಿಯೋ ಹೇಳಿದ್ದು, ಅವನ ವಿರೋಧಿಗಳು ಹೇಳಿದ್ದು, ಎರಡೂ ಒಂದೇ ಮಟ್ಟದ ಸರಿ ಅಥವಾ ಒಂದೇ ಮಟ್ಟದ ತಪ್ಪು ಆಗಬೇಕಲ್ವಾ?

ಹಾಸ್ಟೆಲಿನಲ್ಲಿ ಈ ಪ್ರಶ್ನೆ ಹಿಡಿದು ಒಂದು ರಾತ್ರಿ ಜಗಳವೇ ಆಗಿತ್ತು. ಒಬ್ಬ “ಎರಡೂ ಸರಿ, ಫ್ರೇಮ್ ಬೇರೆ ಅಷ್ಟೇ” ಅಂದ. ಇನ್ನೊಬ್ಬ “ಹಾಗಾದ್ರೆ ಗೆಲಿಲಿಯೋ ಸುಮ್ಮನೆ ಒದೆ ತಿಂದನಾ?” ಅಂದ. ಉತ್ತರ ಇವೆರಡರ ನಡುವೆ ಇದೆ. ಬರೀ ಚಲನೆಯನ್ನು ವರ್ಣಿಸೋಕೆ ಯಾವ ಫ್ರೇಮ್ ಆದರೂ ನಡೆಯುತ್ತೆ. ಆದರೆ ಭೂಮಿ ತಿರುಗುತ್ತಿದೆ ಅನ್ನೋದನ್ನು ಹೊರಗೆ ನೋಡದೇನೇ ಪತ್ತೆ ಮಾಡಬಹುದು. 1851ರಲ್ಲಿ ಫೂಕೋ ಪ್ಯಾರಿಸ್‌ನಲ್ಲಿ ಉದ್ದನೆಯ ಲೋಲಕ ತೂಗುಹಾಕಿ ಅದನ್ನೇ ತೋರಿಸಿದ. ಭೂಮಿ ಸೂರ್ಯನ ಸುತ್ತ ಹೋಗೋದರಿಂದ ಹತ್ತಿರದ ನಕ್ಷತ್ರ ಆಚೀಚೆ ಜರುಗಿದ ಹಾಗೆ ಕಾಣಬೇಕು. ಅದನ್ನು 1838ರಲ್ಲಿ ಬೆಸೆಲ್ ಅಳೆದ. ಇನ್ನು ಸೂರ್ಯ ನಿಂತಲ್ಲೇ ನಿಂತಿದ್ದಾನೆ ಅನ್ನೋದೂ ನಿಜವಲ್ಲ, ಅವನೂ ಆಕಾಶಗಂಗೆಯ ಸುತ್ತ ಓಡುತ್ತಿದ್ದಾನೆ. ಅಂದರೆ ಇಬ್ಬರೂ ಅಷ್ಟಿಷ್ಟು ತಪ್ಪು, ಆದರೆ ಸಮಸಮ ತಪ್ಪಲ್ಲ. ಕೋಪರ್ನಿಕಸ್‌ನ ಪುಸ್ತಕ ಬಂದದ್ದು 1543ರಲ್ಲಿ. ಫೂಕೋ ಲೋಲಕ ತೂಗಾಡುವ ಹೊತ್ತಿಗೆ ಮುನ್ನೂರು ವರ್ಷ ಕಳೆದಿತ್ತು. ನಮ್ಮ ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು.

ಐದನೇ ಅಧ್ಯಾಯದಲ್ಲಿ ಒಬ್ಬ ಮೂಂಗ್‌ಫಲಿವಾಲಾ ಬರುತ್ತಾನೆ. ಲಿಫ್ಟ್ ಒಳಗೆ ತಕ್ಕಡಿ ಹಿಡಿದು ವ್ಯಾಪಾರ ಮಾಡ್ತಾನೆ. ಲಿಫ್ಟ್ ವೇಗ ಹೆಚ್ಚಿಸ್ತಾ ಮೇಲೆ ಹೋದರೆ ವಸ್ತುಗಳ ತೂಕ ಹೆಚ್ಚಾದ ಹಾಗೆ ಅನ್ನಿಸುತ್ತಲ್ಲ, ಇವನಿಗೆ ಲಾಭ ಆಗುತ್ತಾ? ತಕ್ಕಡಿಯಾದರೆ ಇಲ್ಲ. ಕಡಲೆಕಾಯಿ ಎಷ್ಟು ಭಾರ ಆಯ್ತೋ ಆಚೆ ತಟ್ಟೆಯ ಕಲ್ಲೂ ಅಷ್ಟೇ ಭಾರ ಆಯ್ತು. ಸ್ಪ್ರಿಂಗ್ ತಕ್ಕಡಿ ಆದರೆ ಅವನಿಗೇ ಲಾಭ: ಮುಳ್ಳು ಒಂದು ಕೆ.ಜಿ. ತೋರಿಸುವಾಗ ಕಾಯಿ ಕಮ್ಮಿ ಇರುತ್ತೆ. ಬಸವನಗುಡಿ ಪರಿಷೆಯ ಅಜ್ಜಿ ಥರ ಸೇರಿನಲ್ಲಿ ಅಳೆದು ಕೊಟ್ಟರೆ? ಅಲ್ಲಿ ತೂಕದ ಮಾತೇ ಇಲ್ಲ, ಲಿಫ್ಟ್ ಎಲ್ಲಿಗೆ ಹೋದರೂ ಸೇರು ಸೇರೇ. ಸಂತೆಯಲ್ಲಿ ತಕ್ಕಡಿ ನೋಡಿ ಬೆಳೆದ ಹುಡುಗನಿಗೆ ಈ ಪ್ರಶ್ನೆ ಮೈಗೆ ಹತ್ತಿರ. ಪಟ್ನಾದ ಬೀದಿಯ ವಾಸನೆ ಇರೋ ಈ ಒಂದು ಪ್ರಶ್ನೆ, ಘರ್ಷಣೆಯಿಲ್ಲದ ಹತ್ತು ರಾಟೆಗಳ ಲೆಕ್ಕಕ್ಕಿಂತ ಜಾಸ್ತಿ ಕಲಿಸುತ್ತೆ.

ಇಷ್ಟೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ ನನ್ನ ಅಕ್ಕನ ಮಗಳು. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿ, ಈಗ ಪೇಟೆಯಲ್ಲಿ ಫಸ್ಟ್ ಪಿಯುಸಿ ಸೈನ್ಸ್. ದಸರಾ ರಜೆಯಲ್ಲಿ ಫೋನ್ ಮಾಡಿ “ಮಾವ, ನಾನು ಕಾಮರ್ಸ್‌ಗೆ ಹೋಗ್ಲಾ?” ಅಂದಳು. ಮಾರ್ಕ್ಸ್ ಕಮ್ಮಿ ಬಂತಾ ಅಂದೆ. “ಇಲ್ಲ. ನಂಗೆ ತುಂಬಾ ಡೌಟ್ ಬರುತ್ತೆ. ಬೇರೆಯವರಿಗೆ ಯಾರಿಗೂ ಬರಲ್ಲ. ನಂಗೆ ಸೈನ್ಸ್ ಆಗಿಬರಲ್ಲ ಅನ್ಸುತ್ತೆ.”

ಈ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟ ಆಯ್ತು. ಏನಮ್ಮ ಡೌಟು ಅಂದರೆ, ಭೂಮಿ ಅಷ್ಟು ಜೋರಾಗಿ ತಿರುಗ್ತಾ ಇದ್ದರೆ ನೆಟ್ಟಗೆ ಮೇಲೆ ಎಸೆದ ಕಲ್ಲು ಯಾಕೆ ಹಿಂದೆ ಬೀಳಲ್ಲ ಅಂತ. ಕ್ಲಾಸಲ್ಲಿ ಕೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ಹೈಸ್ಕೂಲ್ ಪ್ರಶ್ನೆ ಇಲ್ಲಿ ಬೇಡ ಅಂದರಂತೆ.

ಈ ‘ಹೈಸ್ಕೂಲ್ ಪ್ರಶ್ನೆ’ಯ ವಯಸ್ಸು ಕೇಳಿ. ಭೂಮಿ ತನ್ನ ಸುತ್ತ ತಿರುಗುತ್ತೆ ಅಂತ ಆರ್ಯಭಟ 499ರ ಸುಮಾರಿಗೆ ಬರೆದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮೇಲಿನದ್ದೆಲ್ಲ ಹಿಂದೆ ಹೋದ ಹಾಗೆ ಕಾಣುತ್ತೆ ಅನ್ನೋದು ಅವನ ಹೋಲಿಕೆ. ಮುಂದಿನ ತಲೆಮಾರಿನ ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗೋದು ನಿಜವಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ಗೂಡಿಗೆ ವಾಪಸ್ ಬರೋದು ಹೇಗೆ ಅಂದ. ಯೂರೋಪಿನಲ್ಲೂ ಅದೇ ವಾದ ನಡೆಯಿತು. 1632ರ ತನ್ನ ಪುಸ್ತಕದಲ್ಲಿ ಗೆಲಿಲಿಯೋ, ಓಡುವ ಹಡಗಿನ ಪಟಗಂಬದ ತುದಿಯಿಂದ ಬಿಟ್ಟ ಕಲ್ಲಿನ ಉದಾಹರಣೆ ಹಿಡಿದು ಪುಟಗಟ್ಟಲೆ ಚರ್ಚೆ ಮಾಡಬೇಕಾಯ್ತು. ವರಾಹಮಿಹಿರನಿಗೆ ಬಂದ ಸಂದೇಹ ನಮ್ಮ ಹುಡುಗಿಗೂ ಬಂದಿದೆ. ಅದನ್ನೇ ಅವಳು ತಾನು ದಡ್ಡಿ ಅನ್ನೋದಕ್ಕೆ ಸಾಕ್ಷಿ ಅಂದುಕೊಂಡು ಕೂತಿದ್ದಾಳೆ.

ಮಜಾ ಏನು ಗೊತ್ತಾ? ಅವಳ ಅನುಮಾನ ಪೂರ್ತಿ ತಪ್ಪೂ ಅಲ್ಲ. ನಮ್ಮ ಕಡೆ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡ್ತಿದೆ. ಎಸೆದ ಕಲ್ಲಿಗೂ ಅದೇ ವೇಗ ಇರೋದರಿಂದ ಅದು ನಮ್ಮ ಜೊತೆಗೇ ಬರುತ್ತೆ. ಆದರೆ ಲೆಕ್ಕ ಬಿಡದೆ ಮುಂದುವರಿಸಿದರೆ, ಎತ್ತರದ ತೆಂಗಿನ ಮರದಷ್ಟು, ಅಂದರೆ ಸುಮಾರು 20 ಮೀಟರ್ ಮೇಲಕ್ಕೆ ಎಸೆದ ಕಲ್ಲು, ಗಾಳಿಯನ್ನು ಮರೆತರೆ, ಸುಮಾರು 8 ಮಿಲಿಮೀಟರ್ ಪಶ್ಚಿಮಕ್ಕೆ ಬೀಳುತ್ತೆ. ಅಂದರೆ ಕಲ್ಲು ಹಿಂದೆ ಬೀಳುತ್ತೆ! ಒಂದು ಕಡಲೆ ಬೀಜದ ಅಗಲದಷ್ಟು. ನಕ್ಕವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೋ.

ನಮ್ಮಲ್ಲಿ ‘ಡೌಟ್’ ಅನ್ನೋ ಪದಕ್ಕೆ ಬಂದ ಗತಿ ನೋಡಿ. ‘ಡೌಟ್ ಕ್ಲಿಯರ್ ಮಾಡ್ಕೊಳ್ಳೋದು’ ಅಂತೀವಿ, ಸೊಸೈಟಿ ಸಾಲ ಕ್ಲಿಯರ್ ಮಾಡಿದ ಹಾಗೆ. ಕೋಚಿಂಗ್ ಸೆಂಟರ್‌ಗಳಲ್ಲಿ ಅದಕ್ಕೇ ಅಂತ ಒಂದು ಗಂಟೆ ಇರುತ್ತೆ. ಡೌಟ್ ಇರೋದು ಬಾಕಿ ಇದ್ದ ಹಾಗೆ, ಇಲ್ಲದವನೇ ಜಾಣ. ನಮ್ಮ ನ್ಯಾಯಶಾಸ್ತ್ರದವರು ವಿಚಾರ ಮಾಡೋಕೆ ಬೇಕಾದ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಸಂಶಯವನ್ನು ಮೂರನೆಯದಾಗಿ ಇಟ್ಟಿದ್ದರು. ಅವರಿಗೆ ಸಂಶಯ ಅಂದರೆ ವಿಚಾರ ಶುರುವಾಗೋ ಜಾಗ. ನಾವು ಅದನ್ನು ಶನಿವಾರ ಸಂಜೆ ಐದರಿಂದ ಆರಕ್ಕೆ ಹಾಕಿದ್ದೀವಿ.

ಈಗ ವರ್ಮಾ ಪುಸ್ತಕದ ಕೊರತೆಗೆ ಬರೋಣ. ಉತ್ತರ ಕೊಡದೆ ಬಿಟ್ಟದ್ದು ಒಳ್ಳೇದೇ. ಉತ್ತರ ಇದ್ದಿದ್ದರೆ ಅದನ್ನೂ ಬಾಯಿಪಾಠ ಮಾಡ್ತಿದ್ದೆವು. ಆದರೆ ಉತ್ತರ ಇಲ್ಲದ ಪ್ರಶ್ನೆಗೆ ಜಗಳ ಆಡೋಕೆ ಎದುರಿಗೆ ಒಬ್ಬರಾದರೂ ಬೇಕು. ಈ ಪುಸ್ತಕ ಅಂಥ ಒಬ್ಬರು ಇದ್ದಾರೆ ಅಂತಲೇ ನಂಬಿಕೊಂಡಿದೆ. ನನಗೆ ಹಾಸ್ಟೆಲ್ ಇತ್ತು. ಕೊನೇ ಬಸ್ಸಿಗೆ ಊರಿಗೆ ಹೋಗುವ ಹುಡುಗಿಗೆ ಯಾರಿದ್ದಾರೆ?

ಇನ್ನೊಂದು, ಭಾಷೆ. ಲೆಕ್ಕ ಬಿಡಿಸೋಕೆ ಅಷ್ಟು ಇಂಗ್ಲಿಷ್ ಬೇಕಾಗಲ್ಲ. ಸೂತ್ರ ಯಾವ ಭಾಷೆಯಲ್ಲೂ ಸೂತ್ರವೇ. ವಾದ ಮಾಡೋಕೆ ಭಾಷೆ ಬೇಕು. ‘ಆದರೆ’, ‘ಹಾಗಿದ್ದರೆ’, ‘ಅದು ಹೇಗೆ’ ಅನ್ನೋ ಮಾತುಗಳು ನಾಲಿಗೆಗೆ ತಾವಾಗಿ ಬರಬೇಕು. ಕನ್ನಡ ಮೀಡಿಯಂನಿಂದ ಬಂದವರಿಗೆ ಪ್ರಶ್ನೆ ಕನ್ನಡದಲ್ಲಿ ಹುಟ್ಟುತ್ತೆ. ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಯಿದೆಯಾ ಅಂತ ನೋಡಿ, ಕೈ ಎತ್ತುವಷ್ಟರಲ್ಲಿ ಬೆಲ್ ಹೊಡೆದಿರುತ್ತೆ. ಹಾಗಾಗಿ ಈ ಪುಸ್ತಕದಲ್ಲಿ ನಮ್ಮಂಥವರ ಕೈಗೆ ಬೇಗ ಸಿಗೋದು ಲೆಕ್ಕಗಳು. ಕೈಗೆ ಸಿಗದೆ ಉಳಿಯೋದು ಈ ಪ್ರಶ್ನೆಗಳು.

ರ್‍ಯಾಂಕ್ ಬೇಡ ಅಂತ ನಾನು ಹೇಳಲ್ಲ. ನಾನು ಇವತ್ತು ಬೆಂಗಳೂರಲ್ಲಿ ಕೂತು ಇಎಂಐ ಕಟ್ತಾ ಇರೋದು, ಅಪ್ಪನ ಆಸ್ಪತ್ರೆ ಖರ್ಚು ನೋಡ್ತಾ ಇರೋದು, ಸಿಇಟಿಯ ಒಂದು ರ್‍ಯಾಂಕ್‌ನಿಂದಲೇ. ಎರಡು ಎಕರೆ ಖುಷ್ಕಿ ಇರೋ ಮನೆಯ ಮಕ್ಕಳಿಗೆ “ಕುತೂಹಲ ಬೆಳೆಸಿಕೋ, ಮಾರ್ಕ್ಸ್ ಆಮೇಲೆ ನೋಡೋಣ” ಅನ್ನೋದು ಹೊಟ್ಟೆ ತುಂಬಿದವರ ಮಾತು. ಆ ಲೆಕ್ಚರರ್ ಕೂಡ ಕೆಟ್ಟವರಲ್ಲ, ನಾವು ಸೀಟು ತಗೊಂಡು ಪಾರಾಗಲಿ ಅಂತಲೇ ಹೇಳಿದ್ದು. ಆದರೆ ಈ 80 ಸೆಕೆಂಡಿನ ಅಭ್ಯಾಸ ಸೀಟು ಸಿಕ್ಕ ಮೇಲೂ ನಮ್ಮನ್ನು ಬಿಡಲ್ಲ. ಆಫೀಸಿನ ಮೀಟಿಂಗ್ ಕೊನೆಯಲ್ಲಿ ‘ಎನಿ ಕ್ವಶ್ಚನ್ಸ್?’ ಅಂದಾಗ ಬೀಳುವ ಮೌನ ನೀವೂ ಕೇಳಿರ್ತೀರಿ. ಅರ್ಥ ಆಗಿಲ್ಲ ಅಂತ ಕೂತಿರುವ ಹತ್ತು ಜನರಲ್ಲಿ ಒಂಬತ್ತು ಜನರಿಗೂ ಗೊತ್ತು. ಬಾಯಿ ಬಿಡೋರು ಇಲ್ಲ.

ಈ ಪುಸ್ತಕಕ್ಕೆ ಈಗ ಮಾರ್ಕೆಟ್‌ನಲ್ಲಿ ಸಲ್ಯೂಷನ್ ಇದೆ, ಲೆಕ್ಕಗಳಿಗೆ ವಿಡಿಯೋ ಇದೆ. ಎದುರಿಗೆ ಕೂತು ‘ಅದು ಹೇಗೆ?’ ಅಂತ ಕನ್ನಡದಲ್ಲಿ ವಾದ ಮಾಡೋ ಒಬ್ಬ ಮಾವನೋ ಅಕ್ಕನೋ ಯಾವ ಆ್ಯಪ್‌ನಲ್ಲೂ ಬರಲ್ಲ. ಬಿಇ ಮುಗಿಸಿ ಪೇಟೆ ಸೇರಿದ ನಾವು ಊರಿನ ಮಕ್ಕಳಿಗೆ ಫೀಸ್ ಕಳಿಸ್ತೀವಿ, ಹಳೇ ಲ್ಯಾಪ್‌ಟಾಪ್ ಕೊಡ್ತೀವಿ. ಭಾನುವಾರ ಅರ್ಧ ಗಂಟೆ ಫೋನಿನಲ್ಲಿ ಒಂದು ಶಾರ್ಟ್ ಆನ್ಸರ್ ಪ್ರಶ್ನೆ ಹಿಡಿದು ಜಗಳ ಆಡೋದಕ್ಕೆ ದುಡ್ಡೂ ಬೇಡ.

ಕಾಮರ್ಸ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಅವಳಿಗೆ ಅದೇ ಇಷ್ಟವಾದರೆ ಹೋಗಲಿ, ಡೌಟ್ ಬರುತ್ತೆ ಅನ್ನೋ ಕಾರಣಕ್ಕೆ ಮಾತ್ರ ಬೇಡ ಅಂದಿದ್ದೀನಿ. ಮೊನ್ನೆ ಮೆಸೇಜ್ ಬಂತು: “ಮಾವ, ಹಾಗಾದ್ರೆ ನಮ್ಮ ತೋಟದ ಬೋರ್‌ವೆಲ್‌ಗೆ ಕಲ್ಲು ಬಿಟ್ಟರೆ ಅದು ನೆಟ್ಟಗೆ ಕೆಳಗೆ ಹೋಗಲ್ವಾ?” ನಾನು ಉತ್ತರ ಕಳಿಸಿಲ್ಲ. ಯಾವ ಕಡೆಯ ಗೋಡೆಗೆ ತಾಗುತ್ತೆ, ಎಷ್ಟು ಆಳದಲ್ಲಿ ತಾಗುತ್ತೆ, ನೀನೇ ಹೇಳು ಅಂದಿದ್ದೀನಿ.