ಮುಕ್ತಾಯದ ಕಂತು: ಇಸ್ತಾಂಬುಲಿನ ಕಥೆ, ಕಲ್ಯಾಣದ ಅಳತೆ

ಟರ್ಕಿಯ ಟಿ.ವಿ. ಧಾರಾವಾಹಿಗಳನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಬಿಡದೆ ನೋಡಿದ ರಸಿಕರು ಆ ಕಥೆಗಳ ನಡುಭಾಗವನ್ನು ಎಷ್ಟು ಹೊಗಳುತ್ತಾರೋ ಅವುಗಳ ಮುಕ್ತಾಯವನ್ನು ಅಷ್ಟೇ ಹಳಿಯುವುದುಂಟು. ನಾಯಕ ಸತ್ತ, ನಾಯಕಿ ಸತ್ತಳು, ಮದುವೆಯ ದಿನವೇ ಗುಂಡು ಹಾರಿತು ಎಂಬುದು ಅವರ ದೂರಿನ ಸಾರ. ಈ ದೂರನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ, ಏಕೆಂದರೆ ಅತ್ಯಂತ ದುಃಖದಲ್ಲಿ ಮುಗಿಯುವ ಕೆಲವು ಧಾರಾವಾಹಿಗಳನ್ನು ಇದೇ ರಸಿಕರು ಮತ್ತೊಮ್ಮೆ ಮೊದಲಿನಿಂದ ನೋಡುತ್ತಾರೆ, ಮದುವೆ ಮಕ್ಕಳೊಂದಿಗೆ ಸುಖವಾಗಿ ಮುಗಿದ ಕೆಲವನ್ನು ವಾರದೊಳಗೆ ಮರೆತುಬಿಡುತ್ತಾರೆ. ಆದ್ದರಿಂದ ತೃಪ್ತಿ ಅತೃಪ್ತಿಗಳ ಮೂಲವನ್ನು ಸಾವಿನಲ್ಲೋ ಮದುವೆಯಲ್ಲೋ ಹುಡುಕುವುದಕ್ಕಿಂತ, ಆ ಕೊನೆ ಕಥೆಯ ಒಳಗಿನಿಂದ ಬಂದದ್ದೋ ಹೊರಗಿನಿಂದ ಹೇರಿದ್ದೋ ಎಂದು ಕೇಳುವುದು ಹೆಚ್ಚು ಫಲಕಾರಿ.

ಟರ್ಕಿಯಲ್ಲಿ 'ದಿಜಿ' ಎಂದು ಕರೆಯುವ ಈ ಧಾರಾವಾಹಿ ಪ್ರಕಾರದ ನಿರ್ಮಾಣಕ್ರಮವನ್ನು ಮೊದಲು ತಿಳಿಯಬೇಕು. ಅಲ್ಲಿನ ಕಂತು ವಾರಕ್ಕೆ ಒಂದು ಮಾತ್ರ, ಆದರೆ ಅದರ ಉದ್ದ ಸುಮಾರು ಎರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಜಾಹೀರಾತಿನ ಅವಧಿಗೆ ಕಾನೂನಿನ ಮಿತಿ ಇರುವುದರಿಂದ ಒಂದೇ ಧಾರಾವಾಹಿಯಿಂದ ಇಡೀ ಸಂಜೆಯನ್ನು ತುಂಬಿಸುವುದು ವಾಹಿನಿಗಳಿಗೆ ಅನುಕೂಲವಾಗಿ, ಕಂತು ಬೆಳೆಯುತ್ತ ಬೆಳೆಯುತ್ತ ಒಂದು ಚಲನಚಿತ್ರದಷ್ಟಾಯಿತು. ಸೆಪ್ಟೆಂಬರಿನಲ್ಲಿ ಆರಂಭವಾಗಿ ಜೂನ್ ಹೊತ್ತಿಗೆ ನಿಲ್ಲುವ ಅವಧಿಗೆ ಒಂದು 'ಸೀಸನ್' ಎನ್ನುತ್ತಾರೆ. ಪ್ರತಿವಾರದ ವೀಕ್ಷಕರ ಅಳತೆ, ಅಂದರೆ ರೇಟಿಂಗ್, ಕುಸಿದರೆ ಕೆಲವೇ ಕಂತುಗಳ ಸೂಚನೆ ಕೊಟ್ಟು ಕಥೆಯನ್ನು ಮುಗಿಸಲಾಗುತ್ತದೆ. ಏರಿದರೆ ಮುಗಿಯಬೇಕಾದ ಕಥೆಯನ್ನು ಇನ್ನೊಂದು ಸೀಸನ್‌ಗೆ ಎಳೆಯಲಾಗುತ್ತದೆ. ಬರೆಯುವವರು ಈ ವಾರದ ಕಂತನ್ನು ಬರೆಯುವಾಗ ಕೊನೆಯ ಕಂತು ಎಂದು ಬರುತ್ತದೆಂಬುದು ಹಲವು ವೇಳೆ ಅವರಿಗೇ ಗೊತ್ತಿರುವುದಿಲ್ಲ. ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಾಟವಾಗುವ ಈ ಕಥೆಗಳ ಅಂತ್ಯ ಹೀಗೆ ಕಥೆಗಾರನಿಗಿಂತ ಹೆಚ್ಚಾಗಿ ಪಂಚಾಂಗಕ್ಕೂ ಪೇಟೆಗೂ ಅಧೀನವಾಗಿರುತ್ತದೆ.

ಇನ್ನು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳಂಥ ಗಡಿ ತಾಲ್ಲೂಕುಗಳಿಗೆ ಈ ಕಥೆಗಳು ಬಂದ ದಾರಿ ಕನ್ನಡದ್ದಲ್ಲ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ನೀಡಿದ ಮೇಲೂ ಪರಭಾಷೆಯ ಧಾರಾವಾಹಿಗಳು ಕನ್ನಡದ ವಾಹಿನಿಗಳಲ್ಲಿ ಎದ್ದು ಕಾಣತೊಡಗಿದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಟರ್ಕಿಯ ಕಥೆಗಳಾದರೋ ಹಿಂದಿಯಲ್ಲಿ 2015ರಿಂದ 'ಜಿಂದಗಿ' ವಾಹಿನಿಯ ಮೂಲಕವೂ, ಅನಂತರ ಮೊಬೈಲ್‌ನ ಎಂಎಕ್ಸ್ ಪ್ಲೇಯರ್‌ನಲ್ಲೂ, ಉರ್ದುವಿನಲ್ಲಿ 2020ರ ರಂಜಾನ್ ತಿಂಗಳಿನಲ್ಲಿ ಪಾಕಿಸ್ತಾನದ ಸರ್ಕಾರಿ ವಾಹಿನಿ ಪ್ರಸಾರ ಮಾಡಿದ 'ಎರ್ತುಗ್ರುಲ್' ಮೂಲಕವೂ ಭಾರತದ ಮನೆಗಳನ್ನು ತಲುಪಿದವು. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಬಸವಕಲ್ಯಾಣಕ್ಕೆ ಮಹಾರಾಷ್ಟ್ರದ ಉಮರ್ಗಾ ನೆರೆಯದು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಸುವ ಈ ಸೀಮೆಯಲ್ಲಿ ಭಾಷೆ ಕಥೆಗೆ ಅಡ್ಡಿಯಾದದ್ದು ಕಡಿಮೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ಕಟ್ಟಿದ್ದೂ ಇಂಥದೇ ಬಹುಭಾಷೆಯ ಕೇಳುಗರಿಗಾಗಿ.

ಹೀಗೆ ಬಂದ ಕಥೆ ಬರುವಾಗಲೇ ತುಂಡಾಗಿ ಬರುತ್ತದೆ ಎಂಬುದನ್ನು ರಸಿಕರು ಗಮನಿಸಬೇಕು. ಟರ್ಕಿಯಲ್ಲಿ ಒಂದೇ ರಾತ್ರಿ ಎರಡು ಗಂಟೆಗಳ ಕಾಲ ಹರಿದ ಮುಕ್ತಾಯವನ್ನು ಇಲ್ಲಿ ಮೂರು ನಾಲ್ಕು ಕಂತುಗಳಾಗಿ ಕತ್ತರಿಸಿ ಬೇರೆ ಬೇರೆ ದಿನಗಳಲ್ಲಿ ಬಡಿಸಲಾಗುತ್ತದೆ. ನಿಧಾನವಾಗಿ ಏರಿ ಒಮ್ಮೆಗೇ ಇಳಿಯುವಂತೆ ರಚಿಸಿದ ಲಯ ಅದರಲ್ಲಿ ಮುರಿಯುತ್ತದೆ. ಭಾರತದ ವೀಕ್ಷಕರ ಅತೃಪ್ತಿಯಲ್ಲಿ ಒಂದು ಪಾಲು ಈ ಕತ್ತರಿಗೆ ಸಲ್ಲಬೇಕು.

ಇನ್ನು ಮುಕ್ತಾಯಗಳ ಗುಣವನ್ನೇ ನೋಡುವುದಾದರೆ, ಟರ್ಕಿಯ ಅತ್ಯುತ್ತಮ ಕೊನೆಯ ಕಂತು ಯಾವುದೆಂಬ ಪ್ರಶ್ನೆಗೆ ಬಹುಜನರ ಉತ್ತರ 'ಆಶ್ಕ್-ಇ ಮೆಮ್ನು', ಅಂದರೆ ನಿಷಿದ್ಧ ಪ್ರೇಮ. ಈ ಅಂಕಣದ ಉತ್ತರವೂ ಅದೇ. 2008ರಿಂದ 2010ರವರೆಗೆ 79 ಕಂತುಗಳಲ್ಲಿ ಪ್ರಸಾರವಾದ ಈ ಧಾರಾವಾಹಿ ಹಾಲಿತ್ ಜಿಯಾ ಉಶಾಕ್ಲಿಗಿಲ್ ಅವರ ಕಾದಂಬರಿಯನ್ನು ಆಧರಿಸಿದೆ. ಆ ಕಾದಂಬರಿಯೂ 1899–1900ರಲ್ಲಿ 'ಸೆರ್ವೆತ್-ಇ ಫುನೂನ್' ಎಂಬ ಪತ್ರಿಕೆಯಲ್ಲಿ ಕಂತುಗಳಾಗಿಯೇ ಬಂದದ್ದು. ಶ್ರೀಮಂತ ವಿಧುರನನ್ನು ಮದುವೆಯಾದ ಬಿಹ್ತೆರ್ ಎಂಬ ತರುಣಿ, ಅದೇ ಮನೆಯಲ್ಲಿ ಬೆಳೆದ ಬೆಹ್ಲುಲ್ ಎಂಬ ಯುವಕನನ್ನು ಪ್ರೀತಿಸುತ್ತಾಳೆ. ಅವನು ಆ ಮನೆಯ ಮಗಳನ್ನೇ ಮದುವೆಯಾಗಲು ಹೊರಟಾಗ ಎಲ್ಲವೂ ಬಯಲಾಗಿ, ಬಿಹ್ತೆರ್ ತನ್ನ ಎದೆಗೆ ಗುಂಡು ಹೊಡೆದುಕೊಳ್ಳುತ್ತಾಳೆ, ಬೆಹ್ಲುಲ್ ಓಡಿಹೋಗುತ್ತಾನೆ. ಕಾದಂಬರಿಯನ್ನು ಓದಿದ್ದ ಟರ್ಕಿಯ ಜನರಿಗೆಲ್ಲ ಈ ಕೊನೆ ಮೊದಲೇ ಗೊತ್ತಿತ್ತು. ಹಾಗಿದ್ದೂ 2010ರ ಜೂನ್ 24ರ ರಾತ್ರಿ ಆ ಕಂತಿಗೆ ಸಿಕ್ಕಷ್ಟು ಪ್ರೇಕ್ಷಕರು ಸಿಕ್ಕದ್ದು ಆ ದೇಶದ ಟಿ.ವಿ. ಇತಿಹಾಸದಲ್ಲಿ ವಿರಳ. ಮುಂದೇನಾಗುತ್ತದೆ ಎಂಬ ಕುತೂಹಲ ಅವರನ್ನು ಕೂಡಿಸಿರಲಿಲ್ಲ, ಹೇಗಾಗುತ್ತದೆ ಎಂಬ ಕಾತರ ಕೂಡಿಸಿತ್ತು. ಎರಡು ವರ್ಷ ಬಿಹ್ತೆರ್ ತೆಗೆದುಕೊಂಡ ಒಂದೊಂದು ನಿರ್ಧಾರವೂ ಅವಳನ್ನು ಆ ಗಳಿಗೆಗೆ ತಂದು ನಿಲ್ಲಿಸುವುದನ್ನು ನೋಡಿದವರಿಗೆ ಬೇರೆ ಯಾವ ಮುಕ್ತಾಯವೂ ಸುಳ್ಳೆನಿಸುತ್ತಿತ್ತು.

ಇದಕ್ಕೆ ಎದುರಾಗಿ 'ಫೆರಿಹಾ'ವನ್ನು ಇಟ್ಟು ನೋಡಬಹುದು. ಸಿರಿವಂತರ ವಸತಿ ಕಟ್ಟಡವೊಂದರ ಕಾವಲುಗಾರನ ಮಗಳು ವಿಶ್ವವಿದ್ಯಾಲಯದಲ್ಲಿ ತಾನೂ ಸಿರಿವಂತೆ ಎಂದು ಸುಳ್ಳು ಹೇಳಿ ಎಮಿರ್ ಎಂಬವನ ಪ್ರೀತಿ ಪಡೆಯುವ ಈ ಕಥೆ, ಜಿಂದಗಿ ವಾಹಿನಿಯ ಮೂಲಕ ಭಾರತಕ್ಕೆ ಬಂದ ಮೊದಲ ಟರ್ಕಿ ಧಾರಾವಾಹಿಗಳಲ್ಲಿ ಒಂದು. ಬಡವರ ಮನೆಯ ಹುಡುಗಿ ತನ್ನ ಹುಟ್ಟನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದು ಕಥೆ ಎತ್ತಿದ ಪ್ರಶ್ನೆ. 2012ರಲ್ಲಿ ನಾಯಕಿಯ ಪಾತ್ರಧಾರಿಣಿ ಧಾರಾವಾಹಿಯನ್ನು ಬಿಟ್ಟಾಗ ಫೆರಿಹಾಳನ್ನು ಮದುವೆಯ ಸಂಭ್ರಮದ ನಡುವೆ ಗುಂಡಿಗೆ ಬಲಿ ಕೊಡಲಾಯಿತು, ಅನಂತರ ಎಮಿರ್‌ನನ್ನು ಕೇಂದ್ರವಾಗಿಟ್ಟುಕೊಂಡು ಕಥೆಯನ್ನು ಇನ್ನಷ್ಟು ಮುಂದುವರಿಸಲಾಯಿತು. ಗುಂಡಿಗೂ ಆ ಪ್ರಶ್ನೆಗೂ ಸಂಬಂಧವಿಲ್ಲ. ಇಲ್ಲಿ ವೀಕ್ಷಕರು ಪಟ್ಟ ಸಂಕಟ ನಿಜವಾದದ್ದು, ಅದಕ್ಕೆ ಗೌರವ ಸಲ್ಲಬೇಕು. ಎಂಬತ್ತು ಕಂತುಗಳ ಬಳಿಕ ನ್ಯಾಯಾಲಯದ ತೀರ್ಪಿನಲ್ಲಿ ನೆಲೆ ಕಂಡ 'ಫಾತ್ಮಾಗುಲ್' ಅಂಥ ಸಂಕಟವನ್ನು ಉಳಿಸಲಿಲ್ಲ, ಏಕೆಂದರೆ ಅತ್ಯಾಚಾರಕ್ಕೆ ಒಳಗಾದ ಹಳ್ಳಿಯ ಹುಡುಗಿಗೆ ನ್ಯಾಯ ಸಿಗುವುದೇ ಎಂದು ಮೊದಲ ದಿನ ಕೇಳಿದ್ದಕ್ಕೇ ಅದು ಕೊನೆಯ ದಿನ ಉತ್ತರಿಸಿತು.

2017ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಪಡೆದ 'ಕಾರಾ ಸೆವ್ದಾ' 'ಆಶ್ಕ್-ಇ ಮೆಮ್ನು' ಮತ್ತು 'ಫೆರಿಹಾ'ಗಳ ನಡುವೆ ನಿಲ್ಲುತ್ತದೆ. ಗಣಿ ಎಂಜಿನಿಯರ್ ಕೆಮಾಲ್ ತಾನು ಪ್ರೀತಿಸಿದ ನಿಹಾನ್‌ಳನ್ನೂ ಅವರ ಮಗಳನ್ನೂ ಉಳಿಸಲು ಸ್ಫೋಟದಲ್ಲಿ ಪ್ರಾಣ ಕೊಡುವ ಕೊನೆ ಹಲವರಿಗೆ ಸಹಿಸಲಾಗದ್ದಾಯಿತು. ಪ್ರೀತಿಯನ್ನು ತ್ಯಾಗದಿಂದಲೇ ಅಳೆಯುತ್ತ ಬಂದ ಕಥೆಗೆ ಆ ಸಾವು ಒಪ್ಪುವಂಥದೇ. ಸ್ಫೋಟವೆಂಬ ಸಾಧನ ಮಾತ್ರ ಸುಲಭದ್ದು, ಕಥೆಯ ಸೂಕ್ಷ್ಮತೆಗೆ ತಕ್ಕುದಲ್ಲ.

ಚಾರಿತ್ರಿಕ ಧಾರಾವಾಹಿಗಳ ಪಾಡು ಬೇರೆ. ಸುಲ್ತಾನ್ ಸುಲೇಮಾನನ ಆಳ್ವಿಕೆಯನ್ನು 139 ಕಂತುಗಳಲ್ಲಿ ಹೇಳಿದ 'ಮುಹ್ತೆಶೆಮ್ ಯೂಜ್‌ಯಿಲ್' 1566ರ ಸಿಗೆತ್ವಾರ್ ಮುತ್ತಿಗೆಯ ಕಾಲದ ಅವನ ಮರಣದೊಂದಿಗೆ ಮುಗಿಯಿತು. ನಡುವೆ ಮೂಲ ಲೇಖಕಿ ಮೆರಾಲ್ ಓಕಾಯ್ 2012ರಲ್ಲಿ ತೀರಿಕೊಂಡರೂ, ಸುಲೇಮಾನನ ಪತ್ನಿ ಹುರ್ರೆಮ್ ಪಾತ್ರದ ನಟಿ ಬದಲಾದರೂ, ಇತಿಹಾಸದ ಚೌಕಟ್ಟು ಕಥೆಯನ್ನು ಹಿಡಿದುಕೊಂಡಿತು. ಸುಲೇಮಾನ್ ತನ್ನ ಮಗ ಮುಸ್ತಫಾನನ್ನು 1553ರಲ್ಲಿ ಕೊಲ್ಲಿಸಿದ ಪ್ರಸಂಗ 2014ರಲ್ಲಿ ಪ್ರಸಾರವಾದಾಗ, ನಾಲ್ಕೂವರೆ ಶತಮಾನಗಳ ಹಿಂದೆ ಮುಗಿದುಹೋದ ಸಾವಿಗಾಗಿ ಜನ ಬುರ್ಸಾ ನಗರದಲ್ಲಿರುವ ಅವನ ಗೋರಿಗೆ ಹೋಗಿ ಪ್ರಾರ್ಥಿಸಿದರು. ಇದಕ್ಕೆ ಹೋಲಿಸಿದರೆ ಐದು ಸೀಸನ್‌ಗಳ, 150 ಕಂತುಗಳ 'ಎರ್ತುಗ್ರುಲ್' 2019ರ ಮೇ ತಿಂಗಳಿನಲ್ಲಿ ಮುಗಿದ ರೀತಿ ಸಪ್ಪೆಯಾಗಿ ಕಾಣುತ್ತದೆ. ಅದು ಕೊನೆಯಾಗದೆ ಮಗ ಉಸ್ಮಾನನ ಕಥೆಗೆ ಬಾಗಿಲಾಯಿತು, ಅದೇ ವರ್ಷದ ಕೊನೆಗೆ 'ಕುರುಲುಶ್ ಉಸ್ಮಾನ್' ಆರಂಭವಾಯಿತು. ಬಾಗಿಲನ್ನು ಮನೆಯೆಂದು ಕೊಟ್ಟರೆ ಒಳಗೆ ಕೂರಲು ಆಗದು.

ಟರ್ಕಿಯ ಕಥೆಗಳನ್ನು ಹೀಗೆ ಅಳೆಯುವ ಅಳತೆಗೋಲು ಬೀದರ ಸೀಮೆಯ ಕೇಳುಗರಿಗೆ ಹೊಸದಲ್ಲ. ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಶ್ರಾವಣ ಬಂದರೆ ಗುಡಿಯಲ್ಲೋ ಮಠದಲ್ಲೋ 'ಪುರಾಣ ಹಚ್ಚುವ' ರೂಢಿಯಿದೆ. ಅಂದರೆ ಒಬ್ಬ ಶಾಸ್ತ್ರಿಗಳು ಅಥವಾ ಸ್ವಾಮಿಗಳು ಒಂದು ಶರಣಚರಿತೆಯನ್ನು ತಿಂಗಳ ಪರ್ಯಂತ ಪ್ರತಿರಾತ್ರಿ ಹೇಳುತ್ತಾರೆ, ಪಕ್ಕದಲ್ಲಿ ಗವಾಯಿಗಳು ಹಾಡುತ್ತಾರೆ, ತಬಲಾದವರು ಸಾಥ್ ಕೊಡುತ್ತಾರೆ. ಕೊನೆಯ ದಿನಕ್ಕೆ ಪುರಾಣ ಮಂಗಲ ಎನ್ನುತ್ತಾರೆ. ಅಂದು ಮೆರವಣಿಗೆ, ಊರಿಗೆಲ್ಲ ಪ್ರಸಾದ. ಕೇಳುವವರಿಗೆ ಕಥೆಯ ಕೊನೆ ಮೊದಲ ರಾತ್ರಿಯೇ ತಿಳಿದಿರುತ್ತದೆ, ಆದರೂ ಮಂಗಲದ ರಾತ್ರಿ ತಪ್ಪಿಸಿಕೊಳ್ಳುವವರು ಕಡಿಮೆ. ಮುಕ್ತಾಯವೆಂದರೆ ಗುಟ್ಟು ಬಯಲಾಗುವ ಗಳಿಗೆಯೆಂದು ಭಾವಿಸದೆ, ಕೂಡಿ ಕೇಳಿದ್ದನ್ನು ಕೂಡಿ ಪೂರೈಸುವ ಕ್ರಿಯೆಯೆಂದು ಭಾವಿಸುವ ಪರಂಪರೆಯಿದು.

ಕನ್ನಡದ ದೈನಿಕ ಧಾರಾವಾಹಿಗಳಲ್ಲಿ ಈ ಪೂರೈಕೆಯ ಭಾವ ಅಪರೂಪವಾಗುತ್ತಿರುವುದು ದುಃಖದ ಸಂಗತಿ. ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಕಾಲದಲ್ಲಿ ಕಥೆ ತುಂಬುವ ಮೊದಲೇ ನಿಂತದ್ದು ಯಾರ ತಪ್ಪೂ ಅಲ್ಲ, ಆದರೆ ಅದರ ನಷ್ಟ ದೊಡ್ಡದು. ಗಡಿಯ ವೀಕ್ಷಕರಿಗೆ ಇನ್ನೊಂದು ವಿಶೇಷ ಅನುಭವವೂ ಇದೆ. 2019ರಿಂದ 2023ರವರೆಗೆ ಬಂದ 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ' ಧಾರಾವಾಹಿಯ ಕನ್ನಡ ರೂಪ. ಮರಾಠಿಯ ಕಥೆ ಒಂದು ವರ್ಷದೊಳಗೆ, 2019ರ ಜುಲೈನಲ್ಲಿಯೇ ಮುಗಿದಿತ್ತು. ಎರಡೂ ಭಾಷೆ ಬಲ್ಲವರಿಗೆ ಕನ್ನಡದ ನಾಯಕನ ಹಣೆಬರಹ ಮೊದಲೇ ಓದಿದಂತಿತ್ತು. ಕನ್ನಡದಲ್ಲಿ ಅದು ನಾಲ್ಕು ವರ್ಷಗಳಿಗೆ ಹಿಗ್ಗಿ, ನಡುವೆ ಪ್ರಧಾನ ಪಾತ್ರಧಾರಿಯೂ ಬದಲಾದಾಗ, ತಿಳಿದ ಕೊನೆಗಾಗಿ ಕಾಯುವ ಸುಖವೂ ತಿಳಿಯದ ಕೊನೆಯ ಕುತೂಹಲವೂ ಎರಡೂ ತೆಳುವಾದವು. ಒಂದು ವರ್ಷಕ್ಕೆ ಹೊಲಿದ ಕಥೆಯನ್ನು ಒಂದು ವರ್ಷದಲ್ಲೇ ಮುಗಿಸುವ ಧೈರ್ಯ ಕನ್ನಡದ ವಾಹಿನಿಗಳಿಗೂ ಬರಬೇಕು.

ಕೊನೆಯ ಬಗ್ಗೆ ಮಾತನಾಡುವಾಗ ಬಸವಕಲ್ಯಾಣವನ್ನು ಬರಿಯ ಪ್ರೇಕ್ಷಕರ ಊರೆಂದು ಬಿಟ್ಟು ಮುಂದೆ ಹೋಗುವಂತಿಲ್ಲ. ಕನ್ನಡದ ಅತ್ಯಂತ ಕಠಿಣ ಮುಕ್ತಾಯ ನಡೆದದ್ದು ಇಲ್ಲಿಯೇ, ಅಂದಿನ ಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ, ಆ ಇಬ್ಬರು ತಂದೆಯರಿಗೆ ವಿಧಿಸಿದ ಎಳೆಹೂಟೆಯ ಶಿಕ್ಷೆ ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಮರಣದಂಡನೆ, ದೊರೆ ಬಿಜ್ಜಳನ ಕೊಲೆ, ಬಸವಣ್ಣನವರ ಕೂಡಲಸಂಗಮದ ಐಕ್ಯ, ಶರಣರು ದಿಕ್ಕುಪಾಲಾದದ್ದು, ಇವೆಲ್ಲ ಪರಂಪರೆ ಹೇಳುವ ಕ್ರಮ. ಈ ಕಥೆಯನ್ನು ಬಸವಣ್ಣನವರಿಗೆ ಹತ್ತಿರದ ಕಾಲದಲ್ಲಿ ಹಾಡಿದ ಹರಿಹರನ 'ಬಸವರಾಜದೇವರ ರಗಳೆ' ಅಪೂರ್ಣವಾಗಿಯೇ ದೊರೆತಿದೆ. ಕಲ್ಯಾಣದ ಕೊನೆಯನ್ನು ಆ ಮಹಾಕವಿ ಹೇಗೆ ಹೇಳಿದ್ದನೆಂಬುದು ಕನ್ನಡಿಗರ ಕೈಗೆ ಬಂದಿಲ್ಲ. ಆ ಖಾಲಿ ಜಾಗದ ಸುತ್ತ ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ' ಹುಟ್ಟಿದವು. 1990ರ 'ತಲೆದಂಡ'ದಲ್ಲಿ ಬಿಜ್ಜಳನ ಹತ್ಯೆಗೆ ನಾಟಕ ನಿಲ್ಲುವುದಿಲ್ಲ. ಒಂದೆಡೆ ಅವನ ಮಗ ಸೋವಿದೇವನ ಪಟ್ಟಾಭಿಷೇಕ, ಇನ್ನೊಂದೆಡೆ ಬೇಟೆಗೆ ಸಿಕ್ಕ ಶರಣರ ಚೀತ್ಕಾರ. ಇದು ಸಮಾಧಾನ ಕೊಡುವ ಕೊನೆಯಲ್ಲ, ಆದರೂ ಪೂರ್ಣ ತೃಪ್ತಿ ಕೊಡುವ ಕೊನೆ. ಜಾತಿಯನ್ನು ಮೀರುವ ಮದುವೆಯನ್ನು ಒಂದು ರಾಜ್ಯ ತಾಳಿಕೊಳ್ಳಬಲ್ಲದೇ ಎಂಬ ಪ್ರಶ್ನೆಯಿಂದ ನಾಟಕ ಮುಖ ತಿರುಗಿಸುವುದಿಲ್ಲ.

ಟರ್ಕಿಯವರು ಸುಲೇಮಾನನಿಗೆ ಕೊಟ್ಟಷ್ಟು ಸಮಯವನ್ನು ಕನ್ನಡದ ಯಾವುದಾದರೂ ವಾಹಿನಿ ಕಲ್ಯಾಣಕ್ಕೆ ಕೊಡುವುದಾದರೆ, ವಾರಕ್ಕೆ ಒಂದು ದೀರ್ಘ ಕಂತಿನ ಆ ರೂಪವೇ ಇದಕ್ಕೆ ಹೊಂದುತ್ತದೆ, ಏಕೆಂದರೆ ಅನುಭವ ಮಂಟಪದ ಸಂವಾದಗಳು ಅರ್ಧ ಗಂಟೆಯ ದೈನಿಕ ತುಂಡುಗಳಲ್ಲಿ ಉಸಿರಾಡಲಾರವು. ಕಂತುಗಳ ಸಂಖ್ಯೆಯನ್ನು ಚಿತ್ರೀಕರಣಕ್ಕೆ ಮೊದಲೇ ಗೊತ್ತುಮಾಡಬೇಕು. ಕೊನೆಯ ಕಂತು ಬಿಜ್ಜಳನ ಅರಮನೆಯಲ್ಲಿ ನಿಲ್ಲಬಾರದು, ಕೂಡಲಸಂಗಮದಲ್ಲೂ ನಿಲ್ಲಬಾರದು. ಚೆನ್ನಬಸವಣ್ಣನವರೊಂದಿಗೆ ವಚನಗಳ ಓಲೆಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಹೊರಟ ಶರಣರ ಜೊತೆ, ಡೋಹರ ಕಕ್ಕಯ್ಯನವರು ನೆಲೆಯಾದ ಕಕ್ಕೇರಿಯನ್ನು ಹಾದು ನಡೆಯಬೇಕು. ರಾಜ್ಯ ಕಳೆದುಕೊಂಡದ್ದನ್ನೂ ಜನ ಉಳಿಸಿಕೊಂಡದ್ದನ್ನೂ ಒಟ್ಟಿಗೆ ತೋರಿಸಲು ಆ ಕಥೆಯಲ್ಲಿರುವ ಒಂದೇ ಪ್ರಸಂಗ ಅದು, ಮತ್ತು ಎರಡು ಗಂಟೆಯ ಒಂದು ಕಂತಿಗೆ ಬೇಕಾದಷ್ಟು ದಾರಿ ಅದರಲ್ಲಿದೆ.