ಎಲೆ ಹಚ್ಚೋಳ ಕಥೆ

ಕಳೆದ ನವೆಂಬರಿನಲ್ಲಿ, ಆಫೀಸಿನ ರಾಜ್ಯೋತ್ಸವದ ದಿನ ನಾನೊಂದು ಕ್ವಿಜ್ ಗೆದ್ದೆ. ಹಳದಿ-ಕೆಂಪು ಶಾಲು, ಬಿಸಿಬೇಳೆಬಾತು, ಡೊಳ್ಳು ಕುಣಿತ ಎಲ್ಲ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ಕೆಫೆಟೇರಿಯಾದಲ್ಲಿ ಇಟ್ಟಿದ್ದ ಕ್ವಿಜ್ ಅದು. ಆಟ ಸುಲಭ. ಒಂದು ಕನ್ನಡ ಕಾದಂಬರಿಯ ಬಗ್ಗೆ ಮೂರು ಸುಳಿವು ಕೊಡ್ತಾರೆ, ಪಾತ್ರವೋ ಕಥೆಯೋ ಏನೋ ಒಂದು. ಮೊದಲ ಸುಳಿವಿಗೇ ಹೇಳಿದರೆ ಹದಿನೈದು ಅಂಕ, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಐದು. ತಪ್ಪಾದರೆ ಐದು ಕಟ್.

ನಾನು ಹೆಚ್ಚಿನವನ್ನು ಮೊದಲ ಸುಳಿವಿಗೇ ಹೇಳಿದೆ. "ವಿಜ್ಞಾನಿಯೊಬ್ಬ ಒಂದು ಓತಿಕ್ಯಾತವನ್ನು ಹುಡುಕಿಕೊಂಡು..." ಅನ್ನುವಷ್ಟರಲ್ಲಿ ‘ಕರ್ವಾಲೊ’. "ಸ್ವಂತ ಬೇಸಾಯ ಮಾಡಬೇಕು ಅಂತ ಆಸೆಪಡುವ ಜೀತದಾಳು" ಅಂದರೆ ‘ಚೋಮನ ದುಡಿ’. "ಹೆಣವೊಂದು ಬಿದ್ದಿದೆ" ಅಂದ ಕೂಡಲೇ ‘ಸಂಸ್ಕಾರ’. ಸಹೋದ್ಯೋಗಿಗಳು ನನ್ನನ್ನು ಸಾಹಿತಿಯನ್ನು ನೋಡಿದ ಹಾಗೆ ನೋಡಿದರು. ಐನೂರು ರೂಪಾಯಿಯ ಗಿಫ್ಟ್ ವೋಚರ್ ಬಂತು, ಅದರಲ್ಲಿ ಇಯರ್‌ಫೋನ್ ತಗೊಂಡೆ.

ಈಗ ನಿಜ ಹೇಳಿಬಿಡ್ತೀನಿ. ಈ ಮೂರರಲ್ಲಿ ನಾನು ಅಲ್ಲಿಯವರೆಗೆ ಪೂರ್ತಿ ಓದಿದ್ದು ‘ಕರ್ವಾಲೊ’ ಒಂದೇ. ‘ಚೋಮನ ದುಡಿ’ ಅಂದರೆ ನನಗೆ ಬಿ.ವಿ. ಕಾರಂತರ 1975ರ ಸಿನಿಮಾ, ಅದರಲ್ಲಿನ ವಾಸುದೇವರಾಯರ ಮುಖ. ‘ಸಂಸ್ಕಾರ’ ಅಂದರೆ 1970ರ ಸಿನಿಮಾದ ಗಿರೀಶ ಕಾರ್ನಾಡರು, ಅದೂ ಅರ್ಧ ನೋಡಿದ್ದು. ಉಳಿದವೆಲ್ಲ ಪಿಯುಸಿ ಪಾಠ, ಪೇಪರಿನ ಪುರವಣಿ, ಯಾರದೋ ಭಾಷಣ, ಹೀಗೆ ಗಾಳಿಯಲ್ಲಿ ಬಂದು ತಲೆಯಲ್ಲಿ ಕೂತವು. ನಿಮ್ಮದೂ ಇದೇ ಕಥೆ ಇರಬಹುದು, ನಾಚಿಕೆ ಪಡಬೇಡಿ. ಕ್ಲಾಸಿಕ್ ಅಂತ ಅನ್ನಿಸಿಕೊಂಡ ಪುಸ್ತಕಗಳಿಗೆ ಒಂದು ವಿಚಿತ್ರ ಗುಣ ಇದೆ. ಓದದೇ ಇದ್ದರೂ ಓದಿದ ಹಾಗೇ ಅನ್ನಿಸ್ತಾ ಇರತ್ತೆ.

ಗೆದ್ದವನಿಗೂ ಒಂದು ಪ್ರಶ್ನೆ ತಪ್ಪಿತ್ತು. ಮೊದಲ ಸುಳಿವು: "ಊರಿಗೆ ಪ್ಲೇಗ್ ಬರುತ್ತದೆ." ನಾನು ಬಝರ್ ಒತ್ತಿ "ಸಂಸ್ಕಾರ" ಅಂದೆ. ಅದು ಆಗಲೇ ಬಂದು ಹೋಗಿದೆ ಅನ್ನುವುದೂ ನೆನಪಿರಲಿಲ್ಲ ನೋಡಿ, ಅಷ್ಟು ಆತುರ. ತಪ್ಪು. ಐದು ಅಂಕ ಹೋಯ್ತು. ಉತ್ತರ ಭೈರಪ್ಪನವರ ‘ಗೃಹಭಂಗ’.

ಅವತ್ತು ರಾತ್ರಿ ತಿಪಟೂರಿಗೆ ಅಮ್ಮನಿಗೆ ಫೋನ್ ಮಾಡಿದಾಗ ಗೆದ್ದ ಸುದ್ದಿಗಿಂತ ಮೊದಲು ಸೋತ ಪ್ರಶ್ನೆಯನ್ನೇ ಹೇಳಿದೆ. ಅಮ್ಮ, "ಗೃಹಭಂಗಾನಾ? ಆ ಎಲೆ ಹಚ್ಚೋಳ ಕಥೆ ಕಣೋ ಅದು. ಅದೂ ಗೊತ್ತಾಗ್ಲಿಲ್ವಾ ನಿಂಗೆ?" ಅಂದಳು.

ಪ್ಲೇಗ್ ಅನ್ನಲಿಲ್ಲ, ಮನೆ ಮುರಿಯುವ ಕಥೆ ಅನ್ನಲಿಲ್ಲ. ಎಲೆ ಹಚ್ಚೋಳು. ನಂಜಮ್ಮ ಮುತ್ತುಗದ ಎಲೆ ತಂದು, ಊಟದೆಲೆ ಹಚ್ಚಿ ಮಾರಿ ಸಂಸಾರ ನಡೆಸ್ತಾಳಲ್ಲ, ಅದು. ಇಡೀ ಕಾದಂಬರಿಯನ್ನು ಅಮ್ಮ ಒಂದು ಕೈಕೆಲಸದಿಂದ ಗುರುತು ಹಿಡಿದಿದ್ದಳು. ಅವಳ ಅಜ್ಜಿಯೂ ಎಲೆ ಹಚ್ಚುತ್ತಿದ್ದರಂತೆ. "ಕಡ್ಡಿ ಚುಚ್ಚೀ ಚುಚ್ಚೀ ಹೆಬ್ಬೆಟ್ಟು ಕಲ್ಲಾಗಿತ್ತು" ಅಂತ ಮುಂದೆ ಹತ್ತು ನಿಮಿಷ ಅದೇ ಮಾತು.

ಫೋನ್ ಇಡುವಾಗ ಕೇಳಿದಳು: "ಅದ್ಸರಿ, ಆ ಹುಡುಗ ಬದುಕ್ತಾನಾ ಕೊನೇಲಿ? ಚಿಕ್ಕೋನು?"

ಅಮ್ಮ ‘ಗೃಹಭಂಗ’ವನ್ನು ಮುಗಿಸೇ ಇಲ್ಲ! ಮದುವೆಯಾದ ಹೊಸತರಲ್ಲಿ ಲೈಬ್ರರಿಯಿಂದ ತಂದಳಂತೆ. ಪ್ಲೇಗಿನಲ್ಲಿ ಪಾರ್ವತಿ, ರಾಮಣ್ಣ ಇಬ್ಬರೂ ಹೋಗುವ ಪುಟಕ್ಕೆ ಬಂದು ಮುಚ್ಚಿಟ್ಟಳು. ಆಮೇಲೆ ಇನ್ನೊಂದು ಸಲ ತಂದಾಗಲೂ ಅಲ್ಲೇ ನಿಂತಳು. ಗಿರೀಶ ಕಾಸರವಳ್ಳಿಯವರು ಧಾರಾವಾಹಿ ಮಾಡಿದಾಗ, ಅದು ಅಲ್ಲಿಗೆ ಬರುತ್ತೆ ಅಂತ ಗೊತ್ತಾಗಿ ಟಿವಿ ಆಫ್ ಮಾಡಿದಳಂತೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನನ್ನಮ್ಮ. ಕಥೆ ಕೊನೆಗೆ ಏನಾಯಿತು ಅಂತ ಗೊತ್ತಿಲ್ಲದೆಯೂ ಅವಳು ಆ ಕಾದಂಬರಿಯ ಓದುಗಳು. ನನಗೆ ಎಲ್ಲದರ ಕಥೆ ಗೊತ್ತು, ಹುಡುಗ ಬದುಕಿದನೋ ಇಲ್ಲವೋ ಗೊತ್ತಿಲ್ಲ.

"ನೋಡಿ ಹೇಳ್ತೀನಮ್ಮ" ಅಂದೆ. ವಿಕಿಪೀಡಿಯ ನೋಡಿದ್ದರೆ ಎರಡು ನಿಮಿಷದ ಕೆಲಸ. ಆದರೆ ಯಾಕೋ ಮನಸ್ಸಾಗಲಿಲ್ಲ. ಆ ವಾರ ಅವೆನ್ಯೂ ರೋಡಿಗೆ ಹೋಗಿ, ಕ್ವಿಜ್ಜಿನಲ್ಲಿ ನಾನು "ಬಲ್ಲ" ಪುಸ್ತಕಗಳನ್ನೆಲ್ಲ ಹಳೇ ಪ್ರತಿ ಹುಡುಕಿ ತಂದೆ. ‘ಗೃಹಭಂಗ’ ದಪ್ಪಗಿತ್ತು, ಅದಕ್ಕೇ ‘ಸಂಸ್ಕಾರ’ದಿಂದ ಶುರು ಮಾಡಿದೆ. ಸೋಮಾರಿಗಳ ಕ್ರಮ ಅದು.

ಇನ್ನು ಮುಂದೆ ಕಥೆ ಬಿಟ್ಟುಕೊಡ್ತೀನಿ. ಓದದವರು ಬೇಕಿದ್ದರೆ ಇಲ್ಲೇ ನಿಲ್ಲಿಸಬಹುದು.

‘ಸಂಸ್ಕಾರ’ 1965ರ ಕಾದಂಬರಿ. ಅದರ ಸುಳಿವು ಎಲ್ಲರಿಗೂ ಬಾಯಿಪಾಠ: ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಅಗ್ರಹಾರದಲ್ಲಿ ಸತ್ತಿದ್ದಾನೆ, ಹೆಣ ಸುಡೋದು ಯಾರು? ಪ್ರಾಣೇಶಾಚಾರ್ಯರು ಗ್ರಂಥ ತೆಗೆದು ಕೂತಿದ್ದಾರೆ. ನಾನು ಇಷ್ಟು ವರ್ಷ ಅಂದುಕೊಂಡಿದ್ದು, ಕೊನೆಯಲ್ಲಿ ಯಾರೋ ಆ ಹೆಣ ಸುಡ್ತಾರೆ, ಕಾದಂಬರಿ ಮುಗಿಯತ್ತೆ ಅಂತ. ಅಲ್ಲವೇ ಅಲ್ಲ. ಹೆಣದ ಪ್ರಶ್ನೆ ಕಾದಂಬರಿಯ ಮಧ್ಯದಲ್ಲೇ, ಸದ್ದಿಲ್ಲದೆ ಮುಗಿದುಹೋಗತ್ತೆ. ನಾರಣಪ್ಪನ ಜೊತೆಗಿದ್ದ ಚಂದ್ರಿ ಕಾದು ಕಾದು ಸಾಕಾಗಿ, ರಾತ್ರಿ ಮೀನು ವ್ಯಾಪಾರದ ಅಹಮ್ಮದ್ ಬ್ಯಾರಿಯನ್ನು ಕರೀತಾಳೆ. ಅವನು ಗಾಡಿ ತರ್ತಾನೆ, ಸೌದೆ ಒಟ್ಟಿ ಸುಟ್ಟು ಹೋಗ್ತಾನೆ. ಅಷ್ಟೇ. ಅಗ್ರಹಾರಕ್ಕೆ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ.

ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಷ್ಟು ಜನ ಪಂಡಿತರು ಉಪವಾಸ ಕೂತು ಚರ್ಚೆ ಮಾಡ್ತಿದ್ದ ಸಮಸ್ಯೆಗೆ ಯಾವ ಚರ್ಚೆಯೂ ಇಲ್ಲದೆ ಇಬ್ಬರು ಉತ್ತರ ಕೊಟ್ಟು ಎದ್ದು ಹೋದರು. ಅವರಿಬ್ಬರಿಗೂ ಆ ಚರ್ಚೆಯಲ್ಲಿ ಮಾತಾಡುವ ಹಕ್ಕೇ ಇರಲಿಲ್ಲ ಅನ್ನೋದು ಬೇರೆ. ಆಮೇಲೆ ಉಳಿದ ಅರ್ಧ ಕಾದಂಬರಿಯಲ್ಲಿ ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ, ಬೆನ್ನಿಗೆ ಮಾಲೇರ ಪುಟ್ಟ ಅಂಟಿಕೊಳ್ತಾನೆ, ಮೇಳಿಗೆಯ ತೇರಿಗೆ ಹೋಗ್ತಾರೆ. ಯಾವ ಹೆಣಕ್ಕಾಗಿ ಇವರು ಇಷ್ಟು ಸಂಕಟಪಡುತ್ತಿದ್ದಾರೋ ಅದು ಆಗಲೇ ಬೂದಿಯಾಗಿದೆ ಅಂತ ಓದುವ ನಮಗೆ ಗೊತ್ತು, ನಡೆಯುವ ಅವರಿಗೆ ಗೊತ್ತಿಲ್ಲ. ಕಾದಂಬರಿ ಇರುವುದು ಅಲ್ಲಿ, ಆ ವ್ಯತ್ಯಾಸದಲ್ಲಿ. "ಹೆಣ ಬಿದ್ದಿದೆ" ಅನ್ನೋದು ಅನಂತಮೂರ್ತಿಯವರು ನಮ್ಮನ್ನು ಒಳಗೆ ಕರೆದ ಬಾಗಿಲು. ನಾನು ಬಾಗಿಲು ನೋಡಿ ಮನೆ ನೋಡಿದೆ ಅಂತ ಹದಿನೈದು ಅಂಕ ತಗೊಂಡಿದ್ದೆ.

‘ಚೋಮನ ದುಡಿ’ಯಲ್ಲೂ ಇದೇ ಥರ. ಭೂಮಿಯ ಆಸೆ ಅನ್ನೋದು ಸುಳಿವಿನಲ್ಲಿ ದೊಡ್ಡ ಮಾತಾಗಿ ಕೇಳತ್ತೆ, ಹಕ್ಕು, ಹೋರಾಟ ಅಂತೆಲ್ಲ. 1933ರ ಆ ಪುಟ್ಟ ಪುಸ್ತಕದಲ್ಲಿ ಅದು ಎರಡು ಎತ್ತುಗಳ ರೂಪದಲ್ಲಿದೆ. ಗುಡಿಸಲಲ್ಲಿ ಎತ್ತು ಇವೆ, ಉಳಲು ಒಂದು ತುಂಡು ನೆಲ ಇಲ್ಲ. ಎತ್ತುಗಳು ತಿಂದುಕೊಂಡು ನಿಂತಿವೆ, ಮಕ್ಕಳು ಒಬ್ಬೊಬ್ಬರಾಗಿ ಕೈ ಬಿಟ್ಟು ಹೋಗ್ತಿದ್ದಾರೆ. ನನ್ನ ಕ್ಯಾಬಿನ್ ಪಕ್ಕದಲ್ಲಿ ಕೂರುವ ಪುತ್ತೂರಿನ ಹುಡುಗ ಒಬ್ಬ ಇದ್ದಾನೆ. ಕ್ವಿಜ್ ಮುಗಿದಾಗ ಅವನು, "ಎಂತ ಮಾರಾಯ, ಅಷ್ಟು ಬೇಗ ಒತ್ತಿದಿಯಲ್ಲ, ಚೋಮನ ಚಿಕ್ಕ ಮಗ ಹೇಗೆ ಸತ್ತ ಹೇಳು ನೋಡುವ" ಅಂದಿದ್ದ. ನಕ್ಕು ತಪ್ಪಿಸಿಕೊಂಡಿದ್ದೆ. ನೀಲ ನೀರಲ್ಲಿ ಮುಳುಗುತ್ತಾನೆ. ದಡದಲ್ಲಿ ಈಜು ಬರುವ ಜನ ಇರುತ್ತಾರೆ. ಮುಟ್ಟಬಾರದ ಹುಡುಗ ಅಂತ ಯಾರೂ ಇಳಿಯುವುದಿಲ್ಲ. ಇದನ್ನು ಗೊತ್ತಿಲ್ಲದೆ ನಾನು ಅವತ್ತು "ಚೋಮನ ದುಡಿ!" ಅಂತ ಕೂಗಿದ್ದೆ, ಎಲ್ಲರೂ ಚಪ್ಪಾಳೆ ಹೊಡೆದಿದ್ದರು.

ಹಾಗಂತ ಕ್ವಿಜ್ಜನ್ನೇ ಬೈಯುವುದು ಅನ್ಯಾಯ. ಆ ಆಟದಲ್ಲಿ ಒಂದು ತಪ್ಪು ಉತ್ತರ ಬಂದಿತ್ತು, ನನಗಿಂತ ಒಳ್ಳೆಯ ಓದುಗರದ್ದು. "ಮಗ ಮನೆ ಬಿಟ್ಟು ಹೋಗಿದ್ದಾನೆ, ಮುದುಕ-ಮುದುಕಿ ಇಬ್ಬರೇ ಇದ್ದಾರೆ" ಅಂತ ಸುಳಿವು. ಅಕೌಂಟ್ಸಿನ ಮೇಡಂ ಒಬ್ಬರು ‘ಮರಳಿ ಮಣ್ಣಿಗೆ’ ಅಂದರು. ಸರಿಯುತ್ತರ ‘ಬೆಟ್ಟದ ಜೀವ’. ಎರಡೂ ಕಾರಂತರದ್ದೇ, 1941 ಮತ್ತು 1943. ಆ ತಪ್ಪು ಎಷ್ಟು ಚೆನ್ನಾಗಿದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ಹೊಳೆಯಿತು. ‘ಮರಳಿ ಮಣ್ಣಿಗೆ’ಯಲ್ಲಿ ಓದಲು ಹೋದ ಲಚ್ಚ ಮನೆಮಾರು ಮುಳುಗಿಸುತ್ತಾನೆ, ಅವನ ಮಗ ರಾಮ ಮದ್ರಾಸು, ಬೊಂಬಾಯಿ ಎಲ್ಲ ಸುತ್ತಿ ಕೊನೆಗೆ ಕಡಲದಂಡೆಯ ಅದೇ ಮಣ್ಣಿಗೆ ವಾಪಸ್ಸಾಗುತ್ತಾನೆ. ಎರಡೇ ವರ್ಷದಲ್ಲಿ ಕಾರಂತರು ಇನ್ನೊಂದು ಮನೆ ಕಟ್ಟಿ, ಅಲ್ಲಿಂದಲೂ ಮಗನನ್ನು ಕಳಿಸಿ, ಈ ಸಲ ಅವನನ್ನು ಕಣ್ಣೆದುರಿಗೆ ತರಲೇ ಇಲ್ಲ. ಶಂಭು ಬರುವುದಿಲ್ಲ. ಗೋಪಾಲಯ್ಯನವರು ಮಾತ್ರ ಆನೆ, ಹುಲಿಗಳ ನಡುವೆ, ಆ ಬೆಟ್ಟದ ಬುಡದಲ್ಲಿ ಅಡಿಕೆ ತೋಟದ ಕೆಲಸ ಮಾಡುತ್ತಲೇ ಇದ್ದಾರೆ, ದಾರಿ ತಪ್ಪಿ ಬಂದ ಅತಿಥಿಗೆ ಉಪಚಾರ ಮಾಡುತ್ತಲೇ ಇದ್ದಾರೆ. ಶಂಕರಮ್ಮನ ದುಃಖ ಅಡುಗೆಮನೆಯಲ್ಲಿದೆ. ಮರಳುವವನ ಕಥೆ ಬರೆದವರೇ ಮರಳದವನ ಕಥೆಯನ್ನೂ ಬರೆಯಬೇಕಾಯಿತು. ಮೇಡಂಗೆ ಅಂಕ ಕೊಡಬೇಕಿತ್ತು. (ಈ ಕಾದಂಬರಿಯನ್ನು ವೀಕೆಂಡಿನಲ್ಲಿ ಪಿಜಿಯಲ್ಲಿ ಕೂತು ಓದಬೇಡಿ ಅಂತ ನನ್ನ ಸಲಹೆ. ಶಂಭು ಯಾರು ಅಂತ ಬೇಗ ಗೊತ್ತಾಗಿಬಿಡತ್ತೆ.)

ಸುಳಿವಿಗೇ ಸಿಗದ ಪುಸ್ತಕವೂ ಒಂದಿತ್ತು. 1967ರ ‘ಮಲೆಗಳಲ್ಲಿ ಮದುಮಗಳು’. ಕ್ವಿಜ್ ಮಾಸ್ಟರ್ ಅದಕ್ಕೆ ಕಥೆ ಹೇಳಲು ಹೋಗಿ ಸೋತು, ಕೊನೆಗೆ ಕೊಟ್ಟ ಸುಳಿವು ಒಂದು ನಾಯಿಯ ಹೆಸರು: ಹುಲಿಯ. ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆದ ಆ ನಾಟಕ ನೋಡಿದ್ದವರೊಬ್ಬರು ಹೇಳಿದರು. ಯೋಚನೆ ಮಾಡಿ, ನೀವಾದರೂ ಒಂದು ಸಾಲಿನಲ್ಲಿ ಏನು ಹೇಳ್ತೀರಿ? ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆಯಾ? ಮುಕುಂದಯ್ಯ, ಚಿನ್ನಮ್ಮರದ್ದಾ? ಐತ, ಪೀಂಚಲು? ಇದರಲ್ಲಿ ನಾಯಕ ಯಾರು ಅಂತ ಹುಡುಕಬೇಡಿ ಅನ್ನೋ ಅರ್ಥದ ಮಾತನ್ನು ಕುವೆಂಪು ಕಾದಂಬರಿಯ ಬಾಗಿಲಲ್ಲೇ ಇಟ್ಟಿದ್ದಾರೆ. ನಾಯಿಯೇ ಸರಿಯಾದ ಸುಳಿವು ಅಂತ ಈಗ ಅನ್ನಿಸತ್ತೆ. ಶುರುವಿನಲ್ಲಿ ಗುತ್ತಿಯ ಜೊತೆ ಹೆಜ್ಜೆ ಹಾಕುವ ಹುಲಿಯ ಕೊನೆಯಲ್ಲಿ ಹೊಳೆಯ ಪಾಲಾಗುತ್ತದೆ. ಅಷ್ಟು ಜನರ ಮಧ್ಯೆ ನನ್ನ ಗಂಟಲು ಕಟ್ಟಿದ್ದು ಅಲ್ಲೇ. ನಾನಿದನ್ನು ಇನ್ನೂ ಒಂದೇ ಸಲ ಓದಿರುವುದು, ಹೆಚ್ಚು ಮಾತಾಡಲ್ಲ.

ಕೊನೆಗೆ ‘ಗೃಹಭಂಗ’ ತೆಗೆದೆ. ರಾತ್ರಿ ಹನ್ನೊಂದರ ಕಾಲ್ ಮುಗಿಸಿ ದಿನಾ ಮೂವತ್ತು ಪುಟ. 1970ರಲ್ಲಿ ಬಂದದ್ದು. ‘ಸಂಸ್ಕಾರ’ದಲ್ಲೂ ಪ್ಲೇಗ್ ಇದೆ, ಅದಕ್ಕೇ ನಾನು ಮೋಸಹೋಗಿದ್ದು. ಅಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಸೂರಿನ ಮೇಲೆ ಕೂರುತ್ತವೆ, ಇಡೀ ಅಗ್ರಹಾರದ ಕೊಳೆತವೇ ಎದ್ದು ಬಂದ ಹಾಗೆ ಕಾಣತ್ತೆ. ಅಲ್ಲಿನ ಪ್ಲೇಗಿಗೆ ಒಂದು ಅರ್ಥ ಇದೆ. ಭೈರಪ್ಪನವರ ಪ್ಲೇಗಿಗೆ ಯಾವ ಅರ್ಥವೂ ಇಲ್ಲ. ಮನೆಗೆ ಬರತ್ತೆ, ಇಂಥವರ ಮಗಳು, ಇಂಥವರ ಮಗ ಅಂತ ಹೆಸರಿದ್ದವರನ್ನು ಎತ್ತಿಕೊಂಡು ಹೋಗತ್ತೆ, ಮಾರನೇ ದಿನ ಮತ್ತೆ ಒಲೆ ಹಚ್ಚಬೇಕು. ಕೈಲಾಗದ ಗಂಡ ಚೆನ್ನಿಗರಾಯನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಎಲೆ ಹಚ್ಚಿ, ಅತ್ತೆ ಗಂಗಮ್ಮನ ಬೈಗುಳ ಕೇಳಿ ಒಂದೊಂದೇ ಕಡ್ಡಿ ಚುಚ್ಚಿದ ಹಾಗೆ ಕಟ್ಟಿದ ಸಂಸಾರ ಅದು. ನನ್ನದೊಂದು ತಕರಾರೂ ಇದೆ. ಗಂಗಮ್ಮ, ಚೆನ್ನಿಗರಾಯ, ಅಪ್ಪಣ್ಣಯ್ಯರನ್ನು ಭೈರಪ್ಪನವರು ಒಂದೇ ಬಣ್ಣದಲ್ಲಿ ಅದ್ದಿ ತೆಗೆದಿದ್ದಾರೆ, ಅವರಿಗೆ ಒಂದು ಒಳ್ಳೆಯ ಗಳಿಗೆಯೂ ಸಿಗುವುದು ಕಷ್ಟ. ಆದರೆ ನಂಜಮ್ಮ ಎಲೆಯ ಕಟ್ಟು ಇಳಿಸಿ ಕೂತ ಕೂಡಲೇ ಆ ತಕರಾರು ಮರೆತುಹೋಗತ್ತೆ.

ಅಮ್ಮ ನಿಲ್ಲಿಸಿದ ಪುಟ ಬಂತು. ನನಗೂ ನಿಲ್ಲಿಸಬೇಕು ಅನ್ನಿಸ್ತು. ನಿಲ್ಲಿಸಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಆದರೆ ಅದಾದ ಮೇಲೆ ಇನ್ನೊಂದು ಪೆಟ್ಟಿದೆ ಅಂತ ನನಗೆ ಯಾವ ಸುಳಿವೂ ಹೇಳಿರಲಿಲ್ಲ. ನಂಜಮ್ಮನೂ ಹೋಗುತ್ತಾಳೆ, ಅದೇ ಪ್ಲೇಗಿಗೆ.

ಭಾನುವಾರ ಬೆಳಗ್ಗೆ ಫೋನ್ ಮಾಡಿದೆ.

"ಅಮ್ಮಾ, ಹುಡುಗ ಬದುಕ್ತಾನೆ. ವಿಶ್ವ. ಮಾದೇವಯ್ಯನವರು ಕರ್ಕೊಂಡ್ ಹೋಗ್ತಾರೆ."

"ಯಾರು, ಆ ಗುಡಿಯಲ್ಲಿದ್ದ ಅಯ್ನೋರಾ? ಭಜನೆ ಹಾಡ್ತಿದ್ರಲ್ಲ?" ಎಷ್ಟು ವರ್ಷದ ಹಿಂದೆ ಓದಿದ್ದೋ ಏನೋ, ಸರಿಯಾಗಿ ನೆನಪಿತ್ತು. "ಸದ್ಯ. ಒಳ್ಳೇವ್ರು ಅವ್ರು." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವ್ರು ಯಾಕೆ ಕರ್ಕೊಂಡ್ ಹೋಗ್ಬೇಕು? ಅವಳಿರ್ಲಿಲ್ವಾ?"

ನನಗೆ ಉತ್ತರ ಗೊತ್ತಿತ್ತು. ಮೊದಲ ಸಲ, ನಿಜವಾಗಿ ಗೊತ್ತಿತ್ತು.

"ಶನಿವಾರ ಬರ್ತಿದೀನಲ್ಲಮ್ಮ, ಪುಸ್ತಕ ತರ್ತೀನಿ" ಅಂದೆ.